ಗೆದ್ದ ದುಡ್ಡು ಆಮೇಲೆ, ಮೊದಲು ಗಂಟೆ ಎಷ್ಟು ಹೇಳಿ

ನಮಸ್ಕಾರ. ಹೋದ ವಿಡಿಯೋ ಕೆಳಗೆ ಒಂದು ಕಾಮೆಂಟ್ ಬಿದ್ದಿದೆ, ಹಂಗೇ ಓದ್ತೀನಿ ಕೇಳಿ. "ಅಣ್ಣಾ, ಮೂರು ತಿಂಗಳಲ್ಲಿ ಪೋಕರ್‌ನಲ್ಲಿ ಒಂದೂವರೆ ಲಕ್ಷ ಗೆದ್ದಿದೀನಿ. ಕೆಲಸ ಬಿಟ್ಟು ಪ್ರೊ ಆಗ್ಬಿಡೋಣ ಅಂತಿದೀನಿ. ಆಶೀರ್ವಾದ ಮಾಡಿ." ಅದರ ಕೆಳಗೆ ಬೆಂಕಿ ಎಮೋಜಿ, ಸಿಂಹದ ಎಮೋಜಿ, "ನುಗ್ಗು ಗುರು, ನಾವಿದೀವಿ" ಅಂತ ರಿಪ್ಲೈಗಳು. ಎಲ್ಲಿದೀರಪ್ಪಾ ನೀವು? ಅವನ ಮನೆ ಬಾಡಿಗೆ ಕಟ್ಟೋಕೆ ಇದೀರಾ? ಅಷ್ಟು ಜನರಲ್ಲಿ ಒಬ್ಬನಾದ್ರೂ ಕೇಳಿದ್ನಾ, "ಎಷ್ಟು ಗಂಟೆ ಆಡಿ ಗೆದ್ದೆ?" ಅಂತ?

ಇವತ್ತು ಅದೊಂದೇ ವಿಷಯ. ಗಂಟೆ. ಬೇರೆ ಏನಾದ್ರೂ ಬೇಕಿದ್ರೆ ಬೇರೆ ಚಾನೆಲ್ ನೋಡಿ. ಇಲ್ಲಾ ಬೇಡ, ಇಲ್ಲೇ ಇರಿ, ವಾಚ್ ಟೈಮ್ ಬೇಕು ನಂಗೆ.

100/200 ಬ್ಲೈಂಡ್ಸ್ ಟೇಬಲ್ ಅಂತಿಟ್ಕೊಳ್ಳಿ. ಬ್ಲೈಂಡ್ಸ್ ಅಂದ್ರೆ ಎಲೆ ನೋಡೋ ಮೊದಲೇ ಇಬ್ಬರು ಕಡ್ಡಾಯವಾಗಿ ಇಡೋ ಪಣ. ಬಿಗ್ ಬ್ಲೈಂಡ್ 200 ರೂಪಾಯಿ, ಅದೇ ನಮ್ಮ ಅಳತೆ, ಬಿಬಿ. ಒಂದೂವರೆ ಲಕ್ಷ ಅಂದ್ರೆ 750 ಬಿಬಿ. ಕೆಲಸದಲ್ಲಿರೋನು ಶನಿವಾರ ಭಾನುವಾರ ಸೇರಿ 16 ಗಂಟೆ ಕೂರ್ತಾನೆ ಅಂದ್ರೂ ಹನ್ನೆರಡು ವಾರಕ್ಕೆ ಹೆಚ್ಚುಕಮ್ಮಿ 190 ಗಂಟೆ. ಲೈವ್ ಟೇಬಲ್‌ನಲ್ಲಿ, ಅಂದ್ರೆ ಕ್ಲಬ್‌ನಲ್ಲಿ ಎದುರುಬದುರು ಕೂತು ಆಡೋವಾಗ, ಗಂಟೆಗೆ 30 ಕೈ ಸಿಕ್ರೆ ಪುಣ್ಯ. ಒಂದು ಸಲ ಎಲೆ ಹಂಚಿ ಆಡಿ ಮುಗಿಸಿದ್ರೆ ಒಂದು ಕೈ. ಒಟ್ಟು 5,700 ಕೈ. ನೋ ಲಿಮಿಟ್ ಹೋಲ್ಡೆಮ್ ಅನ್ನೋ ಪೋಕರ್ ಬಗೆಯಲ್ಲಿ ಏರಿಳಿತ, ಅದೇ ಸ್ಟ್ಯಾಂಡರ್ಡ್ ಡೀವಿಯೇಷನ್, 100 ಕೈಗೆ ಸುಮಾರು 90 ಬಿಬಿ. ವರ್ಗಮೂಲದ ಲೆಕ್ಕದಲ್ಲಿ 5,700 ಕೈಗೆ ಅದು 680 ಬಿಬಿ ಆಗುತ್ತೆ, ಅಂದ್ರೆ 1,36,000 ರೂಪಾಯಿ. ಈಗ ಗೆಲ್ಲೋ ಕಸುಬೂ ಇಲ್ಲದ, ಸೋಲೋ ದಡ್ಡತನವೂ ಇಲ್ಲದ 100 ಜನರನ್ನ ಇದೇ 190 ಗಂಟೆ ಕೂರಿಸಿ. ಅವರಲ್ಲಿ ಸುಮಾರು 16 ಜನ ಬರೀ ಎಲೆ ಬಿದ್ದ ಪುಣ್ಯಕ್ಕೇ 1,36,000ಕ್ಕಿಂತ ಜಾಸ್ತಿ ಗೆದ್ದು ಎದ್ದೇಳ್ತಾರೆ. ಇನ್ನೊಂದು 16 ಜನ ಅಷ್ಟೇ ಕಳ್ಕೊಂಡು ಎದ್ದೇಳ್ತಾರೆ. ಕಳ್ಕೊಂಡೋರು ಕಾಮೆಂಟ್ ಹಾಕಲ್ಲ, ಆಶೀರ್ವಾದ ಕೇಳಲ್ಲ. ಗೆದ್ದ ಹದಿನಾರು ಜನ ಮಾತ್ರ ನನ್ನ ಕಾಮೆಂಟ್ ಬಾಕ್ಸ್‌ನಲ್ಲಿ ಸಿಂಹ ಆಗಿರ್ತಾರೆ.

ಆ ಹದಿನಾರರಲ್ಲಿ ನೀನಿಲ್ಲ ಅಂತ ಹೆಂಗಪ್ಪಾ ಗೊತ್ತು? ಗಂಟೆಗೆ 4 ಬಿಬಿ ಗೆದ್ದಿದೀಯ, ಒಪ್ಪಿದೆ. 190 ಗಂಟೆಗೆ ಆ ಅಂಕಿಯ ಹಿಂದೆ ಮುಂದೆ 7 ಬಿಬಿ ಅನುಮಾನ ಇದೆ. ನಿನ್ನ ನಿಜವಾದ ರೇಟ್ ಗಂಟೆಗೆ 11 ಬಿಬಿ ಇರಬಹುದು, ಗಂಟೆಗೆ 3 ಬಿಬಿ ಸೋಲೂ ಇರಬಹುದು. 1,000 ಗಂಟೆ ಆಡು, ಅನುಮಾನ ಹಿಂದೆ ಮುಂದೆ 3 ಬಿಬಿಗೆ ಇಳಿಯುತ್ತೆ. ಆಗ ಮಾತಾಡೋಣ. ವಾರಾಂತ್ಯದ ಲೆಕ್ಕದಲ್ಲಿ 1,000 ಗಂಟೆಗೆ ಒಂದು ವರ್ಷದ ಮೇಲೆ ಬೇಕು. ಬೇಕಾದ್ರೆ ಬೇಕು, ಅದಕ್ಕೇನು ಮಾಡೋಕಾಗುತ್ತೆ?

"ಅಣ್ಣಾ, ನಂಗೆ ಲೆಕ್ಕ ಗೊತ್ತು, ಹತ್ತು ಸೆಷನ್‌ನಲ್ಲಿ ಏಳು ಗೆಲ್ತೀನಿ" ಅಂತ ಒಬ್ಬ ಬರ್ತಾನೆ. ಇವನು ಇನ್ನೂ ಡೇಂಜರ್. 5,000 ಮೇಲೆ ಬಂದ ತಕ್ಷಣ ಎದ್ದು ಬಿರಿಯಾನಿ ತಿನ್ನೋಕೆ ಹೋಗೋದು, ಸೋತ ದಿನ ಬೆಳಗಿನ ಜಾವ ಐದರ ತನಕ ಕೂತು ಮೂರು ಸಲ ರೀಬೈ ಮಾಡೋದು, ಅಂದ್ರೆ ಮತ್ತೆ ದುಡ್ಡು ಕೊಟ್ಟು ಚಿಪ್ಸ್ ತಗೊಳ್ಳೋದು. ಹಂಗೆ ಮಾಡಿದ್ರೆ ಯಾರು ಬೇಕಾದ್ರೂ ಹತ್ತರಲ್ಲಿ ಏಳು ಗೆಲ್ತಾರೆ. ಉಳಿದ ಮೂರರಲ್ಲಿ ಮನೆ ಖಾಲಿ. ಸೆಷನ್ ಎಣಿಸಬೇಡಿ, ಗಂಟೆ ಎಣಿಸಿ!

ಲಾಗ್ ಹೆಂಗೆ ಇಡಬೇಕು ಅಂತ ಹೇಳ್ಬಿಡ್ತೀನಿ, ಇದನ್ನ ಯಾರೂ ಸರಿಯಾಗಿ ಮಾಡಲ್ಲ. ತಾರೀಖು, ಕೂತ ಟೈಮು, ಎದ್ದ ಟೈಮು, ಬ್ಲೈಂಡ್ಸ್, ಮೊದಲ ಬೈ-ಇನ್ (ಆಟಕ್ಕೆ ಕೂರೋವಾಗ ಹಾಕೋ ದುಡ್ಡು), ಪ್ರತಿ ರೀಬೈ ಬೇರೆ ಬೇರೆ, ಎದ್ದಾಗಿನ ಚಿಪ್ಸ್, ಡೀಲರ್ ಟಿಪ್ಸ್, ಆಟೋ ಕ್ಯಾಬ್ ಖರ್ಚು. ಟೇಬಲ್ ಸಿಗೋಕೆ ವೇಟಿಂಗ್ ಲಿಸ್ಟ್‌ನಲ್ಲಿ ಕೂತ ಟೈಮನ್ನೂ ಸೇರಿಸಿ, ಆ ಹೊತ್ತಲ್ಲಿ ನೀವು ಬೇರೆ ಎಲ್ಲೂ ದುಡೀತಿರಲಿಲ್ಲ. 50/100 ಮತ್ತು 100/200 ಬೇರೆ ಬೇರೆ ಹಾಳೆಯಲ್ಲಿ. ಬೆರೆಸಿದ್ರೆ ದೊಡ್ಡ ಟೇಬಲ್‌ನಲ್ಲಿ ಒಂದು ರಾತ್ರಿ ಬಿದ್ದ ಲಾಟರಿ, ಸಣ್ಣ ಟೇಬಲ್‌ನ ಆರು ತಿಂಗಳ ಸೋಲನ್ನ ಮುಚ್ಚಿಹಾಕುತ್ತೆ. ಎಂಟ್ರಿ ಮಾಡೋದು ಕ್ಲಬ್‌ನಿಂದ ಇಳಿಯೋ ಲಿಫ್ಟ್‌ನಲ್ಲೇ. ನಾಳೆ ಅಂದ್ರೆ ಸೋತ ರಾತ್ರಿ ಮರೆತೇ ಹೋಗುತ್ತೆ. ಹೊಸತೊಡಕಿನ ದಿನ ಭಾವಮೈದುನನ ಹತ್ರ ಗೆದ್ದಿದ್ದು ಇದಕ್ಕೆ ಸೇರಲ್ಲ. ನನ್ನ ಶೀಟ್ ಡಿಸ್ಕ್ರಿಪ್ಷನ್‌ನಲ್ಲಿದೆ, ಫ್ರೀ. ಫ್ರೀ ಅಂದ್ಮೇಲೆ ಲೈಕ್ ಒತ್ತೋಕೂ ಕಷ್ಟನಾ?

ಈಗ ರೇಕ್‌ಗೆ ಬನ್ನಿ. ಒಂದು ಕೈಯಲ್ಲಿ ಸೇರಿದ ಪಣದ ದುಡ್ಡು ಪಾಟ್, ಅದರಲ್ಲಿ ಕ್ಲಬ್ ಕೀಳೋ ಪಾಲು ರೇಕ್. ಸರಾಸರಿ ಪಾಟ್ 6,000, ರೇಕ್ 5% ಅಂದ್ರೆ ಪ್ರತಿ ಕೈಗೆ 300 ರೂಪಾಯಿ ಟೇಬಲ್‌ನ ತೂತಿಗೆ ಬೀಳುತ್ತೆ. ಗಂಟೆಗೆ 30 ಕೈ, 9,000 ರೂಪಾಯಿ. ಒಂಬತ್ತು ಜನ ತಲಾ 20,000 ಹಿಡ್ಕೊಂಡು ಕೂತಿದ್ರೆ ಮೇಜಿನ ಮೇಲಿರೋದು 1,80,000. ಯಾರೂ ಹೊಸ ದುಡ್ಡು ತರದಿದ್ರೆ ಇಪ್ಪತ್ತು ಗಂಟೆಗೆ ಅಷ್ಟೂ ಕ್ಲಬ್ ಹೊಟ್ಟೆಗೆ. ರೇಕ್‌ಗೆ ಕ್ಯಾಪ್, ಅಂದ್ರೆ ಮಿತಿ, ಇದ್ರೆ ಸ್ವಲ್ಪ ನಿಧಾನ, ಅಷ್ಟೇ. ತಲೆಗೆ ಗಂಟೆಗೆ 1,000. ಗಂಟೆಗೆ 1,000 ಮನೆಗೆ ತಗೊಂಡು ಹೋಗಬೇಕಾದ್ರೆ ಪಕ್ಕದೋರಿಂದ 2,000 ಕೀಳಬೇಕು. ಆ ಕೋಣೆಯಲ್ಲಿ ಒಂದೂ ಎಲೆ ಮುಟ್ಟದೆ ದುಡಿಯೋನು ಒಬ್ಬನೇ, ಕ್ಲಬ್ ಮಾಲೀಕ. ಅವನು ಯಾವ ಕಾಮೆಂಟ್ ಕೆಳಗೂ ಆಶೀರ್ವಾದ ಕೇಳಿಲ್ಲ, ಗಮನಿಸಿ.

ಟ್ಯಾಕ್ಸ್. ಇಲ್ಲಿ ಎಲ್ಲರಿಗೂ ಕೆಮ್ಮು ಬರುತ್ತೆ. ಇಸ್ಪೀಟು ಗೆಲುವಿಗೆ ನೇರ 30%, ಮೇಲೆ 4% ಸೆಸ್, ಒಟ್ಟು 31.2%. ಮೊದಲ ಇಷ್ಟು ಲಕ್ಷಕ್ಕೆ ತೆರಿಗೆ ಇಲ್ಲ ಅನ್ನೋದು ಇದಕ್ಕಿಲ್ಲ. 2025-26ರಿಂದ ಹೊಸ ಪದ್ಧತಿಯಲ್ಲಿ 12 ಲಕ್ಷ ಆದಾಯದ ನೌಕರ ಕಟ್ಟೋ ತೆರಿಗೆ ಸೊನ್ನೆ. ಪೋಕರ್‌ನಲ್ಲಿ 12 ಲಕ್ಷ ಗೆದ್ದೋನು ಕಟ್ಟೋದು 3,74,400. ಗೋವಾ ಬಸ್ಸು, ಪಣಜಿ ರೂಮು, ಕೋಚಿಂಗ್ ಫೀ, ಸಾಲ್ವರ್ (ಪೋಕರ್ ಲೆಕ್ಕದ ಸಾಫ್ಟ್‌ವೇರ್) ಚಂದಾ ಯಾವುದನ್ನೂ ಖರ್ಚು ಅಂತ ತೋರಿಸೋ ಹಾಗಿಲ್ಲ. ಲೈವ್ ಆಟದಲ್ಲಿ ಇವತ್ತಿನ ಗೆಲುವಿನಿಂದ ನಿನ್ನೆಯ ಸೋಲು ಕಳೀತೀನಿ ಅಂತ ಹೋದ್ರೆ ನಿಮ್ಮ ಸಿಎ ಮುಖ ನೋಡಿ, ಗೊತ್ತಾಗುತ್ತೆ. ಗೆದ್ದ ರಾತ್ರಿಗಳು ಸೇರಿ 30 ಲಕ್ಷ, ಸೋತ ರಾತ್ರಿಗಳು ಸೇರಿ 18 ಲಕ್ಷ ಅಂದ್ರೆ ಕೈಯಲ್ಲಿರೋದು 12. ತೆರಿಗೆ 30ರ ಮೇಲೆ ಬಿದ್ರೆ 9,36,000. ಉಳಿದಿದ್ದನ್ನ ನೀವೇ ಕಳೀರಿ, ನಂಗೆ ಹೊಟ್ಟೆ ಉರಿಯುತ್ತೆ.

ಇಷ್ಟು ಕ್ರೂರ ಲೆಕ್ಕ ಬೇಡ, ನಿವ್ವಳದ ಮೇಲಷ್ಟೇ ತೆರಿಗೆ ಅಂತ ಉದಾರವಾಗಿ ಬಿಡೋಣ. ತಿಂಗಳಿಗೆ 120 ಗಂಟೆ, ಮನೆ ಖರ್ಚು 50,000, ಬ್ಯಾಂಕ್‌ರೋಲ್, ಅಂದ್ರೆ ಆಟಕ್ಕಂತಲೇ ಎತ್ತಿಟ್ಟ ದುಡ್ಡು, 20,000ದ 30 ಬೈ-ಇನ್, ಒಟ್ಟು 6 ಲಕ್ಷ. ಗಂಟೆಗೆ 5 ಬಿಬಿ ಗೆಲ್ಲೋನು 1,20,000 ದುಡೀತಾನೆ, ತೆರಿಗೆ 37,440, ಖರ್ಚು ಕಳೆದು ಉಳಿಯೋದು 32,560. ಇವನು ಯಾವತ್ತಾದ್ರೂ ಪೂರ್ತಿ ಮುಳುಗೋ ಸಾಧ್ಯತೆ ಸುಮಾರು 3%. ಗಂಟೆಗೆ 4 ಬಿಬಿಗೆ ಇಳೀರಿ, ಉಳಿಯೋದು 16,048, ಮುಳುಗೋ ಸಾಧ್ಯತೆ ಐದರಲ್ಲಿ ಒಂದು. 3 ಬಿಬಿಗೆ ಇಳೀರಿ. 72,000 ದುಡಿಮೆ, ತೆರಿಗೆ ಹೋಗಿ 49,536, ಖರ್ಚು 50,000. ಮುಗೀತು. ಪ್ರತಿ ತಿಂಗಳೂ ಗೆಲ್ತಾ ಗೆಲ್ತಾನೇ ಮುಳುಗ್ತಾನೆ, ಯಾವಾಗ ಅನ್ನೋದಷ್ಟೇ ಪ್ರಶ್ನೆ. ಮನೆ ಖರ್ಚಿಗೆ ಆರು ತಿಂಗಳಿಂದ ಒಂದು ವರ್ಷದ ದುಡ್ಡು ಬೇರೆ ಅಕೌಂಟ್‌ನಲ್ಲಿ ಇಡಿ ಅನ್ನೋದು ಇದಕ್ಕೇ. ಆ 5 ಬಿಬಿ ಶೂರನಿಗೂ ವರ್ಷದಲ್ಲಿ ಒಂದೆರಡು ತಿಂಗಳು ನೆಟ್ಟಗೆ ಮೈನಸ್ ಬರುತ್ತೆ.

3ಕ್ಕೂ 5ಕ್ಕೂ ಇರೋ ಅಂತರ ನೋಡಿದ್ರಾ? ಎರಡೇ ಎರಡು ಬಿಬಿ! ಒಂದು ಕಡೆ ಸಂಸಾರ, ಇನ್ನೊಂದು ಕಡೆ ಸಾಲ. ನೀನು 3 ಗುಂಪೋ 5 ಗುಂಪೋ ಅಂತ ಹೇಳೋಕೆ 1,000 ಗಂಟೆಯೂ ಸಾಲಲ್ಲ, ನೀನು 190 ಗಂಟೆ ಇಟ್ಕೊಂಡು ರಾಜೀನಾಮೆ ಪತ್ರ ಟೈಪ್ ಮಾಡ್ತಿದೀಯಲ್ಲೋ ಮಾರಾಯಾ!

"ಪೋಕರ್ ಸ್ಕಿಲ್ ಗೇಮ್ ಅಣ್ಣಾ, ಕೋರ್ಟೇ ಹೇಳಿದೆ." ಹೌದು ಸ್ವಾಮಿ. ಕರ್ನಾಟಕ ಹೈಕೋರ್ಟ್ 2013ರಲ್ಲೇ ಪೋಕರ್ ಪರ ಮಾತಾಡಿದೆ. ದುಡ್ಡಿಟ್ಟು ಆಡೋ ಆನ್‌ಲೈನ್ ಆಟ ನಿಷೇಧಿಸಿದ್ದ 2021ರ ರಾಜ್ಯದ ಪೊಲೀಸ್ ತಿದ್ದುಪಡಿ ಕಾಯ್ದೆಯ ಮುಖ್ಯ ಕಲಮುಗಳನ್ನ 2022ರ ಫೆಬ್ರವರಿ 14ಕ್ಕೆ, ಪ್ರೇಮಿಗಳ ದಿನ ನೋಡ್ಕೊಂಡು, ಹೊಡೆದೂ ಹಾಕ್ತು. ಗುಜರಾತ್ ಹೈಕೋರ್ಟ್ 2017ರಲ್ಲಿ ಉಲ್ಟಾ ಹೇಳಿತ್ತು, ಅದು ಯಾರಿಗೂ ನೆನಪಿರಲ್ಲ. ಆಮೇಲೆ ಕೇಂದ್ರದ ಆನ್‌ಲೈನ್ ಗೇಮಿಂಗ್ ಕಾಯ್ದೆ, 2025ರ ಆಗಸ್ಟ್ 22ಕ್ಕೆ ಅಂಕಿತ. ಸ್ಕಿಲ್ಲೋ ಅದೃಷ್ಟವೋ ಅದು ಕೇಳಲ್ಲ, ದುಡ್ಡಿಟ್ಟು ಆಡಿಸೋ ಆನ್‌ಲೈನ್ ಆಟವನ್ನೇ ನಿಷೇಧಿಸುತ್ತೆ. ಆಡಿಸೋರಿಗೆ ಮೂರು ವರ್ಷದವರೆಗೆ ಜೈಲು, 1 ಕೋಟಿವರೆಗೆ ದಂಡ. ದೊಡ್ಡ ಪ್ಲಾಟ್‌ಫಾರ್ಮ್‌ಗಳೆಲ್ಲ ಆ ವಾರವೇ ಶಟರ್ ಎಳೆದವು. ಆಡೋನಿಗೆ ಶಿಕ್ಷೆ ಇಲ್ಲ ಅಂತ ವಿಪಿಎನ್ ಹಾಕ್ಕೊಂಡು ಹೊರದೇಶದ ಸೈಟಿಗೆ ಹೋಗೋರೇ, ಬ್ಯಾಂಕುಗಳೂ ಆ ವ್ಯವಹಾರ ನಡೆಸಬಾರದು ಅಂತ ಅದೇ ಕಾಯ್ದೆಯಲ್ಲಿದೆ. ಗೆದ್ದ ದುಡ್ಡು ಮನೆಗೆ ಹೆಂಗೆ ತರ್ತೀರಾ, ಪಾರಿವಾಳದ ಕಾಲಿಗೆ ಕಟ್ಟಿಯಾ?

ಮತ್ತೆ ಇಲ್ಲೂ ನಂದು ಅದೇ ಗೋಳು. ನಾಲ್ಕು ಟೇಬಲ್ ತೆರೆದು ಆಡೋ ಆನ್‌ಲೈನ್ ಹುಡುಗ 1 ಲಕ್ಷ ಕೈಯನ್ನ ಕೆಲವೇ ತಿಂಗಳಲ್ಲಿ ಮುಗಿಸ್ತಿದ್ದ. ಲೈವ್‌ನಲ್ಲಿ ಅದಕ್ಕೆ 3,300 ಗಂಟೆ ಬೇಕು. ಆನ್‌ಲೈನ್ ಹೋಯ್ತು ಅಂದ್ರೆ ಗಂಟೆ ಲೆಕ್ಕ ಇನ್ನೂ ದುಬಾರಿ ಆಯ್ತು ಅಂತ ಅರ್ಥ.

"ನಮ್ಮ ಬೆಂಗಳೂರಿನ ಸಂತೋಷ್ ಸುವರ್ಣ ಗೆದ್ದಿಲ್ವಾ?" ಗೆದ್ದಿದಾರೆ, ಹೆಮ್ಮೆ ಇದೆ. 2024ರ ವರ್ಲ್ಡ್ ಸೀರೀಸ್ ಆಫ್ ಪೋಕರ್‌ನ ಒಂದು ಟೂರ್ನಮೆಂಟ್‌ನಲ್ಲಿ 54 ಲಕ್ಷ ಡಾಲರ್. ಆ ಟೂರ್ನಮೆಂಟ್ ಬೈ-ಇನ್ ಎರಡೂವರೆ ಲಕ್ಷ ಡಾಲರ್, ನಮ್ಮ ದುಡ್ಡಲ್ಲಿ 2 ಕೋಟಿ ಮೇಲೆ. ಅಷ್ಟು ಇದ್ರೆ ನೀವು ನನ್ನ ಆಶೀರ್ವಾದ ಕೇಳ್ತಿರಲಿಲ್ಲ, ನಾನೇ ನಿಮ್ಮದು ಕೇಳ್ತಿದ್ದೆ. ಇನ್ನೊಬ್ಬರು ಕ್ರಿಸ್ ಮನಿಮೇಕರ್ ಕಥೆ ತರ್ತಾರೆ, ಅದೇ ವರ್ಲ್ಡ್ ಸೀರೀಸ್‌ನ ಮೇನ್ ಈವೆಂಟನ್ನ 2003ರಲ್ಲಿ ಗೆದ್ದ ಅಮೆರಿಕದ ಅಕೌಂಟೆಂಟ್. 2003ರ ಮೇನ್ ಈವೆಂಟ್‌ನಲ್ಲಿ ಇದ್ದದ್ದು 839 ಎಂಟ್ರಿ. 2024ರಲ್ಲಿ 10,112. ಹೋಗಿ ಬನ್ನಿ, ಶುಭವಾಗಲಿ. ಟೂರ್ನಮೆಂಟ್ ದಾರಿ ಹಿಡಿಯೋದಾದ್ರೆ 30 ಬೈ-ಇನ್ ಮರೆತುಬಿಡಿ, 100ರಿಂದ 200 ಬೇಕು. ಬಹುಮಾನದ ಪಟ್ಟಿಗೆ ಬರೋದೇ ನೂರಕ್ಕೆ ಹದಿನೈದು ಜನ, ಅದರಲ್ಲೂ ಹೆಚ್ಚಿನವರಿಗೆ ಸಿಗೋದು ಬೈ-ಇನ್ ಮೇಲೆ ಚಿಲ್ಲರೆ.

"ಸ್ಟೇಕಿಂಗ್ ತಗೋತೀನಿ." ತಗೋ. ನಿನ್ನ ಆಟಕ್ಕೆ ದುಡ್ಡು ಹಾಕೋನು ಸ್ಟೇಕರ್. ದುಡ್ಡು ಅವನದು, ಲಾಭ ಅರ್ಧರ್ಧ. ಸೋತಿದ್ದು ಮೇಕಪ್ ಅಂತ ನಿನ್ನ ಹೆಸರಲ್ಲಿ ಕೂತಿರುತ್ತೆ. 3 ಲಕ್ಷ ಮೇಕಪ್ ಇದ್ದಾಗ ಮುಂದಿನ 3 ಲಕ್ಷ ಗೆದ್ರೂ ನಿನ್ನ ಕೈಗೆ ಬಿಡಿಗಾಸಿಲ್ಲ. ಆ ತಿಂಗಳ ಬಾಡಿಗೆ ಯಾರಪ್ಪ ಕೊಡ್ತಾನೆ? ಮತ್ತೆ ನಿಜವಾದ ಸ್ಟೇಕರ್ ಮೊದಲು ಕೇಳೋದೇನು ಗೊತ್ತಾ? ಲಾಗ್! ಗಂಟೆ!

ಧರ್ಮರಾಯನನ್ನೇ ತಗೊಳ್ಳಿ. ಬ್ಯಾಂಕ್‌ರೋಲ್ ಮ್ಯಾನೇಜ್‌ಮೆಂಟ್ ಇಲ್ಲ, ಟೇಬಲ್ ಸೆಲೆಕ್ಷನ್ ಇಲ್ಲ, ಹೋಗಿ ಹೋಗಿ ಶಕುನಿ ಎದುರು ಕೂತ. ಇಷ್ಟು ಸೋತ್ರೆ ಎದ್ದೇಳ್ತೀನಿ ಅನ್ನೋ ಸ್ಟಾಪ್ ಲಾಸ್ ಅಂತೂ ಕೇಳಲೇಬೇಡಿ. ಇದನ್ನ ಟೀ ಶರ್ಟ್ ಮೇಲೆ ಪ್ರಿಂಟ್ ಹಾಕಿಸಿದೀವಿ, ಎಲ್ ಸೈಜ್ ಖಾಲಿ, ಎಕ್ಸ್‌ಎಲ್ ಇದೆ, ಲಿಂಕ್ ಕೆಳಗಿದೆ.

"ನೀವು ನೆಗೆಟಿವ್ ಅಣ್ಣಾ." ಹೌದು. "ಬೇರೆಯವರ ಏಳಿಗೆ ನೋಡಿ ಉರ್ಕೋತೀರಾ." ಉರ್ಕೋತೀನಿ. "ಪ್ಯಾಷನ್ ಇದ್ರೆ ಸಾಕು." ಪ್ಯಾಷನ್‌ಗೆ ಕೆಇಬಿಯೋರು ಕರೆಂಟ್ ಬಿಲ್ ಮನ್ನಾ ಮಾಡ್ತಾರಾ? ಗಂಟೆ ಹೇಳು ಅಂದ್ರೆ ಪ್ಯಾಷನ್ ಹೇಳ್ತಾನೆ. ಗಂಟೆ ಹೇಳು ಅಂದ್ರೆ ಸ್ಕ್ರೀನ್‌ಶಾಟ್ ಕಳಿಸ್ತಾನೆ, ಅದೂ ಗೆದ್ದ ರಾತ್ರಿದು, ಅದೂ ರೀಬೈ ಕಟ್ ಮಾಡಿ. ಇನ್ಮೇಲೆ ಗಂಟೆ ಇಲ್ಲದ ಕಾಮೆಂಟ್‌ಗೆ ಉತ್ತರ ಇಲ್ಲ, ಹಾರ್ಟೂ ಇಲ್ಲ, ಪಿನ್ ಅಂತೂ ಇಲ್ವೇ ಇಲ್ಲ. 1,000 ಗಂಟೆ ಶೀಟ್ ಕಳಿಸಿದೋರಿಗೆ ಮಗ್ ಒಂದು ಫ್ರೀ. ಕೊರಿಯರ್ ಚಾರ್ಜ್ ನಿಮ್ಮದು.

ಮುಂದಿನ ವಾರ ಪಾಟ್ ಲಿಮಿಟ್ ಒಮಾಹಾ, ಪೋಕರ್‌ನ ಇನ್ನೊಂದು ಬಗೆ. ಅದರಲ್ಲಿ ಏರಿಳಿತ 100 ಕೈಗೆ 120ರಿಂದ 160 ಬಿಬಿ, ಅಂದ್ರೆ ಇನ್ನೂ ಜಾಸ್ತಿ ಗಂಟೆ, ಇನ್ನೂ ಜಾಸ್ತಿ ಕೂಗಾಟ. ಸಬ್‌ಸ್ಕ್ರೈಬ್ ಆಗಿಲ್ಲ ಅಂದ್ರೆ ಆಗಿ. ಆಗಿದ್ರೆ ನಿಮ್ಮ ಭಾವಮೈದುನನ ಫೋನ್ ಇಸ್ಕೊಂಡು ಅದರಲ್ಲೂ ಆಗಿ.