‘ಡೇಟಾಬೇಸ್ ಹೋಯ್ತು ಮೇಡಂ’

ಕೇಳುಗರೆಲ್ಲರಿಗೂ ನಮಸ್ಕಾರ.

ಜುಲೈ ತಿಂಗಳ ಒಂದು ಬೆಳಿಗ್ಗೆ, ಏಳು ಗಂಟೆ ಇರಬಹುದು, ನನಗೊಂದು ಫೋನ್ ಬಂತು. ಕೊಡಗಿನ ನಾಪೋಕ್ಲು ಕಡೆಯ ಒಂದು ಕಾಫಿ ತೋಟದಲ್ಲಿ ಲೆಕ್ಕ ಬರೆಯುವ ರೈಟರು. "ಡೇಟಾಬೇಸ್ ಹೋಯ್ತು ಮೇಡಂ" ಅಂದರು. ದನಿ ಕೇಳಿದರೆ ಮನೆಯಲ್ಲಿ ಯಾರೋ ತೀರಿಕೊಂಡ ಹಾಗಿತ್ತು. ಹಿಂದಿನ ರಾತ್ರಿ ಗಾಳಿಗೆ ಸಿಲ್ವರ್ ಮರ ಲೈನಿನ ಮೇಲೆ ಬಿದ್ದು ಕರೆಂಟ್ ಹೋಗಿತ್ತು. ಬೆಳಗಿನ ಜಾವ ಬಂದಿತ್ತು. ಅಷ್ಟೇ ಆಗಿದ್ದು.

ಆ ತೋಟಕ್ಕೆ ನಾನೊಂದು ಸಣ್ಣ ಪ್ರೋಗ್ರಾಂ ಬರೆದುಕೊಟ್ಟಿದ್ದೆ. ದಿನದ ಮಳೆ, ಕೊಯ್ದ ಕಾಫಿಯ ತೂಕ, ಕೆಲಸದವರ ಹಾಜರಿ ಎಲ್ಲ ಅದರಲ್ಲಿ. ಈ ಲೆಕ್ಕವನ್ನೆಲ್ಲ ಕೂಡಿಡುವ ಡೇಟಾಬೇಸ್ ಇರುವುದು ಆಫೀಸಿನ ಕಂಪ್ಯೂಟರಿನಲ್ಲಿ. ಗೋದಾಮಿನಲ್ಲೊಂದು, ಸಾಹುಕಾರರ ಮನೆಯಲ್ಲೊಂದು ಕಂಪ್ಯೂಟರ್ ಅದರ ಜೊತೆ ಮಾತಾಡುತ್ತವೆ.

"ಪರದೆ ಮೇಲೆ ಏನು ಬರೆದಿದೆ, ಓದಿ" ಅಂದೆ.

"ಎರರ್ ಅಂತ ಬರ್ತಿದೆ."

"ಅದಾದ ಮೇಲೆ?"

"ಅದೆಲ್ಲ ಇಂಗ್ಲಿಷ್ ಮೇಡಂ."

ಎಲ್ಲರೂ ಮಾಡುವ ತಪ್ಪು ಇದು. ಎರರ್ ಅನ್ನುವ ಪದ ಕಂಡ ಕೂಡಲೇ ಓದುವುದನ್ನು ನಿಲ್ಲಿಸುತ್ತೇವೆ. ಉಪಯೋಗಕ್ಕೆ ಬರುವ ಮಾತು ಇರುವುದು ಅದರ ಮುಂದೆ. ಅವರ ಕೈಯಲ್ಲಿ ಒಂದೊಂದೇ ಅಕ್ಷರ ಹೇಳಿಸಿದೆ. "ಕನೆಕ್ಷನ್ ಟೈಮ್ಡ್ ಔಟ್" ಅಂತ ಆಯಿತು. ನನಗೆ ಅರ್ಧ ಸಮಾಧಾನ. ಡೇಟಾಬೇಸ್ ಎಲ್ಲೂ ಹೋಗಿಲ್ಲ, ಇವರು ಬೇರೆ ಮನೆಯ ಬಾಗಿಲು ಬಡಿಯುತ್ತಿದ್ದಾರೆ ಅಷ್ಟೇ.

ಕರೆಂಟ್ ಬಂದಾಗ, ಕಂಪ್ಯೂಟರುಗಳನ್ನು ಒಂದಕ್ಕೊಂದು ಜೋಡಿಸುವ ರೂಟರ್ ಮತ್ತೆ ಶುರುವಾಗಿ ಎಲ್ಲ ಕಂಪ್ಯೂಟರುಗಳಿಗೂ ಹೊಸದಾಗಿ ವಿಳಾಸ ಹಂಚಿತ್ತು. ಆಫೀಸಿನ ಕಂಪ್ಯೂಟರಿನ ವಿಳಾಸ ಮೊದಲು ಕೊನೆಯಲ್ಲಿ 5 ಇತ್ತು, ಈಗ 7 ಆಗಿತ್ತು. ಗೋದಾಮಿನ ಕಂಪ್ಯೂಟರ್ ಪಾಪ ಇನ್ನೂ 5ನ್ನೇ ಕರೆಯುತ್ತಿತ್ತು. ಅಲ್ಲಿ ಯಾರೂ ಇಲ್ಲ. ಕರೆದು ಕರೆದು ಸುಸ್ತಾಗಿ ಟೈಮ್ಡ್ ಔಟ್ ಅಂತ ಕೈಚೆಲ್ಲಿತು. ಆಫೀಸಿನ ಕಂಪ್ಯೂಟರಿಗೆ ಯಾವಾಗಲೂ 5ನ್ನೇ ಕೊಡು ಅಂತ ರೂಟರಿನಲ್ಲಿ ಬರೆದಿಟ್ಟೆವು. ಐದು ನಿಮಿಷದ ಕೆಲಸ. ಆ ಐದು ನಿಮಿಷ ಸಿಗದಿದ್ದರೆ ಅವರು ಎಲ್ಲ ಅಳಿಸಿ ಹೊಸದಾಗಿ ಇನ್‌ಸ್ಟಾಲ್ ಮಾಡಲು ಹೊರಟಿದ್ದರು. ಆಗ ನಿಜವಾಗಿಯೂ ಹೋಗುತ್ತಿತ್ತು.

ಇದಕ್ಕೆ ಹತ್ತಿರದ ಇನ್ನೊಂದು ಮಾತು "ಕನೆಕ್ಷನ್ ರಿಫ್ಯೂಸ್ಡ್". ಕೇಳಲು ಒಂದೇ ಥರ ಅನ್ನಿಸುತ್ತದೆ, ಅರ್ಥ ಬೇರೆ. ಇಲ್ಲಿ ಮನೆ ಸಿಕ್ಕಿದೆ, ಒಳಗೆ ಡೇಟಾಬೇಸ್ ಎದ್ದಿಲ್ಲ. ಅಥವಾ ಬಾಗಿಲ ನಂಬರ್, ಅಂದರೆ ಪೋರ್ಟ್, ತಪ್ಪಾಗಿದೆ. ಡೇಟಾಬೇಸ್ ನಡೆಸುವ ಸಾಫ್ಟ್‌ವೇರುಗಳಲ್ಲಿ ಮೈಎಸ್‌ಕ್ಯೂಎಲ್‌ಗೆ 3306, ಪೋಸ್ಟ್‌ಗ್ರೆಸ್‌ಗೆ 5432, ಮೈಕ್ರೋಸಾಫ್ಟಿನ ಎಸ್‌ಕ್ಯೂಎಲ್ ಸರ್ವರಿಗೆ 1433, ಇವು ಮಾಮೂಲಿ ಬಾಗಿಲುಗಳು. ಡೇಟಾಬೇಸಿನ ಸರ್ವಿಸ್ ಓಡುತ್ತಿದೆಯಾ ಅಂತ ಮೊದಲು ನೋಡಿ. ಕರೆಂಟ್ ಹೋಗಿ ಬಂದ ಮೇಲೆ ಅದು ತಾನಾಗಿ ಏಳದೆ ಮಲಗಿರುವುದು ಉಂಟು. ಡಿಸ್ಕ್ ತುಂಬಿ ಒಂದಿಷ್ಟೂ ಜಾಗ ಇಲ್ಲದಿದ್ದರೂ ಏಳದೆ ಇರಬಹುದು.

"ಆಕ್ಸೆಸ್ ಡಿನೈಡ್" ಅಂದರೆ ಡೇಟಾಬೇಸ್ ಎದ್ದಿದೆ, ನಿಮ್ಮನ್ನು ಒಳಗೆ ಬಿಡುತ್ತಿಲ್ಲ. ಪಾಸ್‌ವರ್ಡ್ ಸರಿ ಇದ್ದರೂ ಹೀಗಾಗಬಹುದು. ಮೈಎಸ್‌ಕ್ಯೂಎಲ್‌ನಲ್ಲಿ ಹೆಸರಿನ ಜೊತೆ ಎಲ್ಲಿಂದ ಬರುತ್ತೀರಿ ಅನ್ನುವುದೂ ಲೆಕ್ಕಕ್ಕೆ ಬರುತ್ತದೆ. ಆಫೀಸಿನಲ್ಲೇ ಕೂತು ಬಳಸಲು ಕೊಟ್ಟ ಹೆಸರು ಗೋದಾಮಿನಿಂದ ನಡೆಯುವುದಿಲ್ಲ.

ಇನ್ನೊಂದು ಕಾಯಿಲೆ ಇದೆ, ನನಗೆ ಬಹಳ ದಿನ ಕಾಟ ಕೊಟ್ಟಿದ್ದು. ಬೆಳಿಗ್ಗೆ ಮೊದಲನೇ ಎಂಟ್ರಿ ಮಾತ್ರ ಆಗುವುದಿಲ್ಲ, ಎರಡನೆಯದರಿಂದ ಎಲ್ಲ ಸರಿ. "ಸರ್ವರ್ ಹ್ಯಾಸ್ ಗಾನ್ ಅವೇ" ಅಂತ ಬರುತ್ತಿತ್ತು. ಎಲ್ಲಿಗೆ ಹೋಯಿತಪ್ಪಾ ಇದು? ರೈಟರು ಸಂಜೆ ಪ್ರೋಗ್ರಾಂ ಮುಚ್ಚದೆ ಮನೆಗೆ ಹೋಗುತ್ತಿದ್ದರು. ಮೈಎಸ್‌ಕ್ಯೂಎಲ್ ಸುಮ್ನೆ ಕೂತ ಸಂಪರ್ಕವನ್ನು ಮಾಮೂಲಿಯಾಗಿ 28,800 ಸೆಕೆಂಡ್ ಕಾದು ಕಡಿದು ಹಾಕುತ್ತದೆ. ಎಂಟು ಗಂಟೆ. ಪ್ರೋಗ್ರಾಮಿಗೆ ಅದು ಗೊತ್ತಿಲ್ಲ, ಸತ್ತ ಲೈನಿನಲ್ಲೇ ಮಾತಾಡುತ್ತದೆ. ಪ್ರಶ್ನೆ ಕಳಿಸುವ ಮುಂಚೆ ಲೈನ್ ಇದೆಯಾ ಅಂತ ನೋಡಿಕೊಳ್ಳುವ ಹಾಗೆ ತಿದ್ದಿದೆ. ತಪ್ಪು ನನ್ನದೇ ಆಗಿತ್ತು. ಇದಕ್ಕೆ ತಿರುಗಾ ಮುರುಗಾ ಆಗಿದ್ದು "ಟೂ ಮೆನಿ ಕನೆಕ್ಷನ್ಸ್". ಮೈಎಸ್‌ಕ್ಯೂಎಲ್ ನಾವೇನೂ ಬದಲಾಯಿಸದಿದ್ದರೆ ಒಪ್ಪುವುದು 151 ಸಂಪರ್ಕ, ಪೋಸ್ಟ್‌ಗ್ರೆಸ್ 100. ಮೂರು ಕಂಪ್ಯೂಟರಿನ ತೋಟದಲ್ಲಿ ಅಷ್ಟೂ ತುಂಬಿದರೆ, ತೆರೆದದ್ದನ್ನು ಮುಚ್ಚದ ಪ್ರೋಗ್ರಾಂ ಒಂದು ಎಲ್ಲೋ ಇದೆ ಅಂತ ಅರ್ಥ. ಮಿತಿ ಹೆಚ್ಚಿಸಿದರೆ ಇವತ್ತು ಬಂದ ತೊಂದರೆ ಮುಂದಿನ ವಾರ ಬರುತ್ತದೆ.

ಸರಿ, ಒಳಗೆ ಹೋದೆವು. ಈಗ ಪ್ರಶ್ನೆ ಕೇಳಬೇಕು. ಇಲ್ಲಿ ಎರರ್ ಬಂದರೆ ಪುಣ್ಯ ಅನ್ನಿ. ಎರರ್ ಬರದೆ ತಪ್ಪು ಉತ್ತರ ಬರುವುದಿದೆಯಲ್ಲ, ಅದೇ ಕಷ್ಟ.

ನಮ್ಮ ತೋಟಗಳಲ್ಲಿ ಮಳೆಯನ್ನು ಇಂಚು, ಸೆಂಟ್ ಲೆಕ್ಕದಲ್ಲಿ ಬರೆಯುತ್ತಾರೆ. ನೂರು ಸೆಂಟಿಗೆ ಒಂದು ಇಂಚು. ಮಳೆ ಬೀಳದ ದಿನ ಸೊನ್ನೆ. ಆದರೆ ಕೊಡವರ ಕೈಲ್‌ಪೊಳ್ದ್ ಹಬ್ಬದ ದಿನ ಅಳೆಯುವವರೇ ರಜೆ. ಆ ದಿನ ಏನೂ ಬರೆಯದೆ ಖಾಲಿ ಬಿಟ್ಟಿದ್ದರು. ಸೊನ್ನೆಯೂ ಖಾಲಿಯೂ ಒಂದೇ ಅಲ್ಲ, ಅಲ್ವಾ? ಒಂದರಲ್ಲಿ ಮಳೆ ಇಲ್ಲ, ಇನ್ನೊಂದರಲ್ಲಿ ಮಳೆ ಎಷ್ಟು ಅಂತ ಗೊತ್ತಿಲ್ಲ. ಡೇಟಾಬೇಸ್ ಈ ಖಾಲಿಯನ್ನು ನಲ್ ಅನ್ನುತ್ತದೆ. ತಿಂಗಳ ಸರಾಸರಿ ಕೇಳಿದರೆ ಖಾಲಿ ದಿನಗಳನ್ನು ಬಿಟ್ಟು ಭಾಗಿಸುತ್ತದೆ. ಸೆಪ್ಟೆಂಬರಿನಲ್ಲಿ ಎರಡು ದಿನ ಖಾಲಿ ಇದ್ದರೆ 30ರ ಬದಲು 28ರಿಂದ. ಹಾಗಾದರೆ ಖಾಲಿ ದಿನಗಳು ಯಾವುವು ತೋರಿಸು ಅಂತ, ಮಳೆ ಸಮ ನಲ್ ಅಂತ ಬರೆದು ಕೇಳಿ ನೋಡಿ. ಒಂದೂ ಬರುವುದಿಲ್ಲ. ಗೊತ್ತಿಲ್ಲದ್ದು ಗೊತ್ತಿಲ್ಲದ್ದಕ್ಕೆ ಸಮವೇ ಅಂದರೆ ಅದೂ ಗೊತ್ತಿಲ್ಲ ಅಂತಲೇ ಅದರ ಲೆಕ್ಕ. "ಈಸ್ ನಲ್" ಅಂತ ಬರೆದು ಕೇಳಬೇಕು. ಮೊಂಡುವಾದ ಅನ್ನಿಸಬಹುದು. ನನಗೇನೋ ಸರಿಯಾದ ವಾದವೇ ಅನ್ನಿಸುತ್ತದೆ.

ಇನ್ನೊಂದು ಸಲ ವಿಳಾಸದಲ್ಲಿ ಕೊಡಗು ಅಂತ ಇರುವವರನ್ನೆಲ್ಲ ಹುಡುಕಿದೆ. ಅರ್ಧ ಜನ ಮಾತ್ರ ಬಂದರು. ಬಾರದವರ ವಿಳಾಸ ತೆಗೆದು ನೋಡಿದರೆ ಅಲ್ಲೂ ಕೊಡಗು ಅಂತಲೇ ಇದೆ! ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿದೆ, ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲ. ಕೊನೆಗೆ ಅಕ್ಷರಗಳ ಒಳಗಿನ ಸಂಖ್ಯೆಗಳನ್ನು ತೆಗೆದಾಗ ಗೊತ್ತಾಯಿತು. ಅಕ್ಷರಗಳಿಗೆ ಸಂಖ್ಯೆ ಕೊಡುವ ಯೂನಿಕೋಡ್ ಪದ್ಧತಿಯಲ್ಲಿ ‘ಕೊ’ ಬರೆಯಲು ಎರಡು ದಾರಿ. ‘ಕ’ದ ಮುಂದೆ ಒತ್ವದ ಒಂದೇ ಚಿಹ್ನೆ ಹಾಕಬಹುದು. ಇಲ್ಲವೇ ಎತ್ವದ ಚಿಹ್ನೆ, ಅದರ ಮುಂದೆ ಊಕಾರದ ಕೊಂಬು, ಎರಡು ಹಾಕಬಹುದು. ಕಣ್ಣಿಗೆ ಒಂದೇ. ಪೋಸ್ಟ್‌ಗ್ರೆಸ್, ಎಸ್‌ಕ್ಯೂಎಲೈಟ್ ಮಾಮೂಲಿಯಾಗಿ ಹೋಲಿಸುವಾಗ ಅವು ಬೇರೆ ಬೇರೆ. ಹಳೆಯ ಫಾಂಟಿನಿಂದ ಬದಲಾಯಿಸಿ ತಂದ ಕಡತದಲ್ಲಿ ಎರಡನೆಯ ಥರ ಇತ್ತು, ಫೋನಿನಲ್ಲಿ ಟೈಪ್ ಮಾಡಿದ್ದು ಮೊದಲನೆಯ ಥರ. ಉಳಿಸುವ ಮುಂಚೆ ಎಲ್ಲವನ್ನೂ ಒಂದೇ ರೂಪಕ್ಕೆ ತರುವುದೇ ಇದಕ್ಕೆ ಮದ್ದು. ಪ್ರೋಗ್ರಾಮರುಗಳು ನಾರ್ಮಲೈಸ್ ಮಾಡುವುದು ಅನ್ನುತ್ತಾರೆ. ನಮ್ಮ ಜಿಲ್ಲೆಯ ಹೆಸರಿನ ಮೊದಲ ಅಕ್ಷರದಲ್ಲೇ ಇದು ಕೂತಿದೆ ನೋಡಿ.

ಇಂಗ್ಲಿಷಿನಲ್ಲಿ ಡಿಸೋಜ ಅಂತ ಬರೆಯುವಾಗ ಡಿ ಆದ ಮೇಲೆ ಮೇಲ್ಗಡೆ ಒಂದು ಸಣ್ಣ ಗೀಟು ಬರುತ್ತದಲ್ಲ, ಅದರ ಕಥೆ ಬೇರೆ. ಹೆಸರನ್ನು ಹಾಗೇ ಪ್ರಶ್ನೆಗೆ ಅಂಟಿಸಿದರೆ ಡೇಟಾಬೇಸ್ ಅದನ್ನು ಮಾತು ಮುಗಿಯಿತು ಅನ್ನುವ ಗುರುತು ಅಂದುಕೊಂಡು ಸಿಂಟ್ಯಾಕ್ಸ್ ಎರರ್ ಅನ್ನುತ್ತದೆ. ಅಲ್ಲಿ ಹೆಸರಿನ ಬದಲು ಕಿಡಿಗೇಡಿಯೊಬ್ಬ ಇನ್ನೇನೋ ಆಜ್ಞೆ ತೂರಿಸಿದರೆ? ಡೇಟಾಬೇಸ್ ಅದನ್ನೂ ಪಾಲಿಸುತ್ತದೆ. ಪ್ರಶ್ನೆಯನ್ನೂ ಹೆಸರನ್ನೂ ಬೇರೆ ಬೇರೆಯಾಗಿ ಕಳಿಸುವ ಪದ್ಧತಿ ಬಹುತೇಕ ಎಲ್ಲ ಪ್ರೋಗ್ರಾಮಿಂಗ್ ಭಾಷೆಗಳಲ್ಲೂ ಇದೆ, ಪ್ಯಾರಾಮೀಟರ್ ಅನ್ನುತ್ತಾರೆ. ಅದನ್ನೇ ಬಳಸಿ.

ನಿಧಾನದ ದೂರು ಬಂದರೆ ಮೊದಲು ಸಾಲುಗಳನ್ನು ಎಣಿಸುತ್ತೇನೆ. ಮೂವತ್ತು ವರ್ಷದ ಮಳೆ ಅಂದರೂ ಸುಮಾರು 11,000 ಸಾಲು, ಯಾವ ಕಂಪ್ಯೂಟರಿಗೂ ಅದು ಭಾರವಲ್ಲ. ಆದರೂ ಒಮ್ಮೆ ವರದಿ ತೆರೆಯಲು ಕಾಫಿ ಕುಡಿದು ಬರುವಷ್ಟು ಹೊತ್ತಾಯಿತು. ಒಂದು ವರ್ಷದ ಮಳೆಯ 365 ಸಾಲು, ಹಾಜರಿಯ 12,000 ಸಾಲು, ಎರಡನ್ನೂ ಸೇರಿಸಿ ತೋರಿಸುವ ವರದಿ ಅದು. ತಾರೀಕು ಎರಡರಲ್ಲೂ ಒಂದೇ ಇರಬೇಕು ಅನ್ನುವ ಷರತ್ತನ್ನು ಬರೆಯಲು ನಾನು ಮರೆತಿದ್ದೆ. ಡೇಟಾಬೇಸ್ ಪ್ರತಿ ದಿನದ ಮಳೆಗೂ ಇಡೀ ವರ್ಷದ ಹಾಜರಿಯನ್ನು ಜೋಡಿಸುತ್ತಾ ಕೂತಿತ್ತು. 43 ಲಕ್ಷ ದಾಟುತ್ತದೆ, ಗುಣಿಸಿ ನೋಡಿ.

ಇನ್ನು ಉಳಿಸುವ ವಿಷಯ. ಗೋದಾಮಿನ ಕಂಪ್ಯೂಟರಿನಲ್ಲಿ 62 ಮೂಟೆ ಪಾರ್ಚ್‌ಮೆಂಟ್ ಕಾಫಿ ಕಾಣುತ್ತದೆ. ಸಾಹುಕಾರರ ಮನೆಯಲ್ಲಿ ಸೊನ್ನೆ. ಅಷ್ಟರಲ್ಲಿ ಕರೆಂಟ್ ಹೋಗಿ ಬಂತು, ಗೋದಾಮಿನಲ್ಲೂ ಸೊನ್ನೆ. ಭೂತ ಚೇಷ್ಟೆ ಅಲ್ಲ ಇದು. ಬರೆದದ್ದನ್ನು ಪಕ್ಕಾ ಮಾಡು ಅನ್ನುವ ಆಜ್ಞೆ, ಕಮಿಟ್ ಅನ್ನುತ್ತಾರೆ, ಅದು ಹೋಗಿರಲಿಲ್ಲ. ಅಲ್ಲಿಯವರೆಗೆ ಬರೆದವರಿಗೆ ಮಾತ್ರ ಅದು ಕಾಣುತ್ತದೆ. ಕರೆಂಟ್ ಹೋದರೆ ಅಳಿಸಿಹೋಗುತ್ತದೆ. ಬೇಕೆಂದೇ ಹೀಗೆ ಮಾಡಿದ್ದಾರೆ. ಒಂದು ಗೋದಾಮಿನಿಂದ ಕಳೆದು ಇನ್ನೊಂದಕ್ಕೆ ಕೂಡಿಸುವ ಮಧ್ಯೆ ಕರೆಂಟ್ ಹೋದರೆ ಮೂಟೆಗಳು ಲೆಕ್ಕದಿಂದಲೇ ಮಾಯವಾಗಬಾರದಲ್ಲ. ಅದಕ್ಕೇ ಎರಡೂ ಆಗಬೇಕು, ಇಲ್ಲವೇ ಎರಡೂ ಆಗಬಾರದು.

ಕನ್ನಡದ ಹೆಸರುಗಳೆಲ್ಲ ಬರೀ ಪ್ರಶ್ನಾರ್ಥಕ ಚಿಹ್ನೆ ಆಗಿದ್ದರೆ ಹೆಚ್ಚಾಗಿ ಕಾಲಂ ಕನ್ನಡ ಹಿಡಿಯುವಂಥದ್ದಲ್ಲ. ಮೈಎಸ್‌ಕ್ಯೂಎಲ್‌ನಲ್ಲಿ ಯುಟಿಎಫ್8ಎಂಬಿ4 ಅಂತ ಇರಬೇಕು, ಎಸ್‌ಕ್ಯೂಎಲ್ ಸರ್ವರಿನಲ್ಲಿ ಎನ್‌ವಾರ್‌ಚಾರ್. ಚಿತ್ರವಿಚಿತ್ರ ಅಕ್ಷರ ಕಂಡರೆ ಆಸೆ ಬಿಡಬೇಡಿ, ಎಷ್ಟೋ ಸಲ ವಾಪಸ್ ಕನ್ನಡಕ್ಕೆ ತರಬಹುದು. ಪ್ರಶ್ನಾರ್ಥಕ ಆಗಿಯೇ ಉಳಿದುಬಿಟ್ಟಿದ್ದರೆ ಮೂಲ ಅಲ್ಲಿಲ್ಲ, ಮತ್ತೆ ಬರೆಯಬೇಕು.

ಮತ್ತೆ ಬರೆಯುವ ಕೆಲಸ ನನಗೂ ಬಂತು. ಹಳೆಯ ಮಳೆ ಲೆಕ್ಕವನ್ನು ಎಕ್ಸೆಲ್ ಕಡತದಿಂದ ತುಂಬಿದ್ದೆ. ಒಂದು ದಿನ ಸಾಹುಕಾರರು ಫೋನ್ ಮಾಡಿ ನಕ್ಕರು. ಮಾರ್ಚ್ 7ಕ್ಕೆ ಐದು ಇಂಚು ಮಳೆಯಂತೆ. ಕಾಫಿ ಹೂ ಬಿಡಲು ಬೇಕಾದ ಹೂಮಳೆ ಒಂದು ಇಂಚು ಬಂದರೆ ಸಾಕು ಅಂತ ಆಕಾಶ ನೋಡುವ ತಿಂಗಳು ಅದು! ಮೂರು ಓರೆಗೆರೆ ಏಳು ಅಂದರೆ ನಮಗೆ ಜುಲೈ ಮೂರು. ನನ್ನ ಪ್ರೋಗ್ರಾಂ ಅಮೆರಿಕದವರ ಹಾಗೆ ತಿಂಗಳು ಮೊದಲು ಅಂತ ಓದಿತ್ತು. ಹದಿಮೂರನೇ ತಿಂಗಳು ಇಲ್ಲವಾದ್ದರಿಂದ 13ರಿಂದ ಮುಂದಿನ ದಿನಗಳು ಸರಿಯಾಗಿಯೇ ಇದ್ದವು. ಎರರ್ ಒಂದೂ ಬರಲಿಲ್ಲ. ವರ್ಷಕ್ಕೆ 132 ದಿನ ಅದಲು ಬದಲು. ಒಂದೇ ಆಜ್ಞೆಯಲ್ಲಿ ತಿರುಗಿಸೋಣ ಅಂದರೆ, ಆಮೇಲೆ ತೋಟದವರು ಕೆಲವನ್ನು ಕೈಯಿಂದ ತಿದ್ದಿದ್ದರು. ಯಾವುದು ಸರಿ, ಯಾವುದು ತಪ್ಪು ಅಂತ ಗೊತ್ತಾಗುವುದಿಲ್ಲ. ಈಗ ತಾರೀಕನ್ನು ವರ್ಷ, ತಿಂಗಳು, ದಿನ ಈ ಕ್ರಮದಲ್ಲಿ ಬಿಟ್ಟು ಬೇರೆ ಥರ ತೆಗೆದುಕೊಳ್ಳುವುದೇ ಇಲ್ಲ.

ರೈಟರ ಹತ್ತಿರ ರೈನ್‌ಗೇಜಿನ ಹಳೆಯ ಪುಸ್ತಕ ಇತ್ತು. ಮೂಲೆಗೆ ಗೆದ್ದಲು ಹಿಡಿದಿತ್ತು, ಅಂಕಿಗಳು ಗಟ್ಟಿಯಾಗಿದ್ದವು. ಡೇಟಾಬೇಸಿನ ಒಂದು ಪ್ರತಿ ತೆಗೆದಿಟ್ಟು ಕೂತೆವು. ಅವರು ಓದುತ್ತಾ ಹೋದರು, ನಾನು ತಿದ್ದುತ್ತಾ ಹೋದೆ. ಜುಲೈ ಒಂದು, ಎರಡು, ಮೂರು, ಎಲ್ಲ ತಪ್ಪು. "ಏಳನೇ ತಾರೀಕು, ನಾಲ್ಕು ಇಂಚು ಹತ್ತು ಸೆಂಟ್" ಅಂದರು. ಪರದೆಯಲ್ಲೂ ನಾಲ್ಕು ಇಂಚು ಹತ್ತು ಸೆಂಟ್.

"ಇದೊಂದು ಸರಿ ಇದೆ" ಅಂದೆ.

"ಅವತ್ತು ನಾನೇ ಅಳೆದಿದ್ದು ಮೇಡಂ" ಅಂದರು ರೈಟರು, ಕನ್ನಡಕ ಸರಿಮಾಡಿಕೊಂಡು. ಏಳನೇ ತಿಂಗಳಿನ ಏಳನೇ ತಾರೀಕನ್ನು ತಿರುಗಿಸಿದರೂ ಅದೇ ಬರುತ್ತದೆ ಅಂತ ನಾನು ಅವರಿಗೆ ಇವತ್ತಿನವರೆಗೂ ಹೇಳಿಲ್ಲ.

ನಮಸ್ಕಾರ.