ಮೊದಲು ಮೇಲಿನ ಬೋಲ್ಟು

ಕೇಳುಗರಿಗೆಲ್ಲ ನಮಸ್ಕಾರ.

ಸಕಲೇಶಪುರ, ಮೂಡಿಗೆರೆ, ಕಳಸ, ಸೋಮವಾರಪೇಟೆ ಕಡೆಯ ತೋಟದ ಮನೆಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಇವತ್ತು ಮಾತಾಡುತ್ತಿದ್ದೇನೆ. ನಿಮ್ಮ ಶೆಡ್ಡಿನಲ್ಲಿ ಒಂದು ಫೋರ್ ವೀಲ್ ಗಾಡಿ ಇದೆ. ಹಳೇ ಮಹೀಂದ್ರ ಜೀಪು ಇರಬಹುದು, ಜಿಪ್ಸಿ ಇರಬಹುದು, ಸಾಲ ಮಾಡಿ ತಂದ ಹೊಸ ಥಾರ್ ಅಥವಾ ಜಿಮ್ನಿ ಇರಬಹುದು. ಇಂಜಿನ್ ಆಯಿಲ್ ಅಂತೂ ನೀವು ತಪ್ಪದೆ ಬದಲಿಸುತ್ತೀರಿ. ಆದರೆ ಅದೇ ಗಾಡಿಯಲ್ಲಿ ಇನ್ನೂ ನಾಲ್ಕು ಕಡೆ ಆಯಿಲ್ ಇರುತ್ತದೆ. ಗೇರ್ ಬಾಕ್ಸ್, ಅದರ ಹಿಂದೆ ಮುಂದಿನ-ಹಿಂದಿನ ಚಕ್ರಗಳಿಗೆ ಶಕ್ತಿ ಹಂಚುವ ಟ್ರಾನ್ಸ್‌ಫರ್ ಕೇಸ್, ಮುಂದಿನ ಡಿಫರೆನ್ಷಿಯಲ್, ಹಿಂದಿನ ಡಿಫರೆನ್ಷಿಯಲ್. ಡಿಫರೆನ್ಷಿಯಲ್ ಅಂದರೆ ಎರಡು ಚಕ್ರಗಳ ನಡುವೆ ಆಕ್ಸಲ್ ಮೇಲಿರುವ ಗೇರಿನ ಗುಂಡು. ಇವುಗಳನ್ನು ಕೊನೆಯ ಸಲ ಬಿಚ್ಚಿ ನೋಡಿದ್ದು ಯಾವಾಗ ಅಂತ ಕೇಳಿದರೆ ಹತ್ತರಲ್ಲಿ ಎಂಟು ಜನ ಡ್ರೈವರ್ ಮುಖ ನೋಡುತ್ತಾರೆ.

ಈ ಕೆಲಸವನ್ನು ಮನೆಯಲ್ಲೇ ಮಾಡಬಹುದು. ಇದಕ್ಕೆ ದೊಡ್ಡ ವಿದ್ಯೆ ಏನೂ ಬೇಡ. ಒಂದೇ ಒಂದು ಮಾತು ನೆನಪಿಟ್ಟುಕೊಂಡರೆ ಸಾಕು. ಈ ಗೇರುಗಳ ಹೊರಕವಚಕ್ಕೆ ಹೌಸಿಂಗ್ ಅನ್ನುತ್ತಾರೆ. ಸಾಮಾನ್ಯವಾಗಿ ಪ್ರತಿಯೊಂದು ಹೌಸಿಂಗಿಗೂ ಎರಡು ಬೋಲ್ಟು ಇರುತ್ತವೆ. ಮೇಲಿನದು ಆಯಿಲ್ ತುಂಬುವುದಕ್ಕೆ, ಕೆಳಗಿನದು ಆಯಿಲ್ ಇಳಿಸುವುದಕ್ಕೆ. ಮೊದಲು ಮೇಲಿನ ಬೋಲ್ಟು ಬಿಚ್ಚಿ. ಅದು ಕೈಗೆ ಬಂದ ಮೇಲೆಯೇ ಕೆಳಗಿನದಕ್ಕೆ ಪಾನಾ ಹಾಕಿ. ಇನ್ನೊಂದು ಸಲ ಹೇಳುತ್ತೇನೆ, ಮೊದಲು ಮೇಲಿನ ಬೋಲ್ಟು.

ಯಾಕೆ ಇಷ್ಟು ಒತ್ತಿ ಹೇಳುತ್ತೇನೆ ಅಂದರೆ, ಮೂಡಿಗೆರೆ ಕಡೆ ನನಗೆ ಪರಿಚಯದ ಒಬ್ಬ ಬೆಳೆಗಾರರಿದ್ದಾರೆ. ತುಂಬಾ ಅಚ್ಚುಕಟ್ಟಾದ ಮನುಷ್ಯ. ಅವರ ಶೆಡ್ಡಿನಲ್ಲಿ ಪಾನಾಗಳೆಲ್ಲ ಸೈಜಿನ ಪ್ರಕಾರ ಗೋಡೆಗೆ ನೇತಾಡುತ್ತಿರುತ್ತವೆ. ಮೇ ಕೊನೆಯಲ್ಲಿ ಒಂದು ಭಾನುವಾರ, ಮಳೆ ಹಿಡಿಯುವ ಮೊದಲೇ ಜಿಪ್ಸಿಯ ಆಯಿಲೆಲ್ಲ ಬದಲಿಸಿಬಿಡೋಣ ಅಂತ ಹೊರಟರು. ಒಳ್ಳೆಯ ಆಯಿಲೇ ತಂದಿದ್ದರು. ಸಿಮೆಂಟಿನ ನೆಲದ ಮೇಲೆ ಗಾಡಿಯನ್ನು ಸಮವಾಗಿ ಎತ್ತಿ, ನಾಲ್ಕೂ ಕಡೆ ಸ್ಟ್ಯಾಂಡ್ ಕೊಟ್ಟಿದ್ದರು. ಹಿಂದಿನ ಡಿಫರೆನ್ಷಿಯಲ್ಲಿಗೆ ಬಂದರು. ಕೆಳಗಿನ ಬೋಲ್ಟು ಸಲೀಸಾಗಿ ಬಂತು. ಹಳೇ ಆಯಿಲ್ ಕಪ್ಪಗೆ, ಗಂಧಕದ ವಾಸನೆ ಹೊಡೆಯುತ್ತಾ ಬೋಗುಣಿಗೆ ಇಳಿಯಿತು. ಕೊನೆಯ ತೊಟ್ಟಿನವರೆಗೂ ಕಾದರು. ಬೋಲ್ಟನ್ನು ಒರೆಸಿ, ಹೊಸ ವಾಷರ್ ಹಾಕಿ ವಾಪಸ್ ಬಿಗಿದರು.

ಆಮೇಲೆ ಮೇಲಿನ ಬೋಲ್ಟಿಗೆ ಕೈ ಹಾಕಿದರು. ಅದು ಅಲುಗಾಡಲಿಲ್ಲ.

ಎಷ್ಟೋ ಮಳೆಗಾಲದ ಕೆಸರು ಅದರ ಸುತ್ತ ಕೂತು ಗಟ್ಟಿಯಾಗಿತ್ತು. ತುಕ್ಕು ಬೇರೆ. ತಿರುಗಿಸಿದರು, ಪಾನಾ ಜಾರಿತು. ಮತ್ತೆ ತಿರುಗಿಸಿದರು, ಬೋಲ್ಟಿನ ಮೂಲೆಗಳೇ ಸವೆದು ತಲೆ ಗುಂಡಗಾಯಿತು. ಉಳಿ ಇಟ್ಟು ಸುತ್ತಿಗೆಯಲ್ಲಿ ಹೊಡೆದರು. ಆಗ ಇದ್ದ ಹಿಡಿತವೂ ಹೋಯಿತು. ಈಗ ಪರಿಸ್ಥಿತಿ ನೋಡಿ. ಒಳಗೆ ಒಂದು ತೊಟ್ಟು ಆಯಿಲ್ ಇಲ್ಲ. ಹೊಸ ಆಯಿಲ್ ಪಕ್ಕದಲ್ಲೇ ಇದೆ, ಹಾಕುವುದಕ್ಕೆ ದಾರಿ ಇಲ್ಲ. ಆ ತೋಟದಿಂದ ಟಾರ್ ರಸ್ತೆಗೆ ಬರುವ ಏರಿನಲ್ಲಿ ಬೇರೆ ಕಾರು ಹತ್ತುವುದಿಲ್ಲ. ಮಾರನೇ ದಿನ ಬೆಳಿಗ್ಗೆ ಅವರ ತಾಯಿಯನ್ನು ಹಾಸನಕ್ಕೆ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಬೇಕಿತ್ತು.

ನನಗೆ ಫೋನ್ ಬಂತು. ನಾನು ಹೋಗುವಷ್ಟರಲ್ಲಿ ಕೆಳಗಿನ ತೂತಿನಿಂದಲೇ ಸಿರಿಂಜಿನಲ್ಲಿ ಆಯಿಲ್ ಏರಿಸಲು ನೋಡುತ್ತಿದ್ದರು. ಪೈಪು ತೆಗೆದ ಕೂಡಲೇ ಹಾಕಿದ್ದೆಲ್ಲ ಇಳಿದು ಬರುತ್ತಿತ್ತು. ಬರದೇ ಇರುತ್ತದಾ? ಅದಿರುವುದೇ ಇಳಿಸುವುದಕ್ಕೆ. ಇನ್ನು ಉಳಿದದ್ದು ವೆಲ್ಡಿಂಗ್. ಸವೆದ ತಲೆಯ ಮೇಲೆ ಒಂದು ದೊಡ್ಡ ನಟ್ಟನ್ನು ವೆಲ್ಡ್ ಮಾಡಬೇಕು. ಆ ಬಿಸಿಗೆ ತುಕ್ಕಿನ ಹಿಡಿತ ಸಡಿಲವಾಗುತ್ತದೆ, ಪಾನಾ ಹಿಡಿಯಲು ಹೊಸ ತಲೆಯೂ ಸಿಗುತ್ತದೆ. ವೆಲ್ಡಿಂಗ್ ಹುಡುಗ ಬಂದ, ಕರೆಂಟ್ ಹೋಯಿತು. ಸಂಜೆಯವರೆಗೂ ಕರೆಂಟ್ ಬರಲಿಲ್ಲ. ತಾಯಿಯವರು ಬೆಳಿಗ್ಗೆ ಪಕ್ಕದ ತೋಟದವರ ಜೀಪಿನಲ್ಲಿ ಹೋದರು. ಜಿಪ್ಸಿಯ ಬೋಲ್ಟು ಬಂದದ್ದು ಆ ದಿನ ಮಧ್ಯಾಹ್ನ. ಬ್ಯಾಟರಿ ವೈರು ಬಿಚ್ಚಿಟ್ಟು, ಒದ್ದೆ ಗೋಣಿಚೀಲ ಪಕ್ಕದಲ್ಲಿಟ್ಟುಕೊಂಡು ವೆಲ್ಡ್ ಮಾಡಿಸಿದೆವು. ನಟ್ಟಿಗೆ ಪಾನಾ ಹಾಕಿ ಎಳೆದಾಗ ಟಕ್ ಅಂತ ಬಿಟ್ಟುಕೊಂಡಿತು.

ಆ ಮನುಷ್ಯ ಬೇರೆಲ್ಲವನ್ನೂ ಸರಿಯಾಗಿ ಮಾಡಿದ್ದರು. ಕ್ರಮ ಒಂದು ತಿರುಗುಮುರುಗಾಗಿತ್ತು, ಅಷ್ಟೇ. ಮೇಲಿನ ಬೋಲ್ಟು ಮೊದಲೇ ಹಟ ಹಿಡಿದಿದ್ದರೆ ಏನಾಗುತ್ತಿತ್ತು? ಹಳೇ ಆಯಿಲ್ ಒಳಗೇ ಇರುತ್ತಿತ್ತು. ಗಾಡಿ ಇಳಿಸಿ, ಓಡಿಸಿಕೊಂಡು ಗ್ಯಾರೇಜಿಗೆ ಹೋಗಬಹುದಿತ್ತು. ಆದ್ದರಿಂದ ಮೊದಲು ಮೇಲಿನ ಬೋಲ್ಟು. ಹಿಂದಿನ ರಾತ್ರಿಯೇ ಅದರ ಸುತ್ತಲಿನ ಕೆಸರನ್ನು ತಂತಿ ಬ್ರಷ್ಷಿನಲ್ಲಿ ಉಜ್ಜಿ, ತುಕ್ಕು ಬಿಡಿಸುವ ಎಣ್ಣೆ ಹೊಡೆದಿಡಿ. ಸರಿಯಾದ ಸೈಜಿನ, ಆರು ಮೂಲೆಯ ಸಾಕೆಟ್ಟನ್ನೇ ಬಳಸಿ. ಕೆಲವು ಬೋಲ್ಟಿಗೆ ಹೊರತಲೆ ಇರುವುದಿಲ್ಲ, ಒಳಗೆ ಚೌಕದ ಗುಳಿ ಇರುತ್ತದೆ. ಅದಕ್ಕೆ ಚೌಕದ ಕೀಲಿಯೇ ಬೇಕು. ಕೈಗೆ ಸಿಕ್ಕಿದ ಪಾನಾದಲ್ಲಿ ಸುಮ್ನೆ ಎಳೆಯಬೇಡಿ. ಇನ್ನು ಕೆಲವು ಹಳೇ ಜೀಪುಗಳ ಆಕ್ಸಲ್ಲಿಗೆ ಕೆಳಗಿನ ಬೋಲ್ಟೇ ಇಲ್ಲ. ಹಿಂದಿನ ಮುಚ್ಚಳ ಬಿಚ್ಚಿಯೇ ಆಯಿಲ್ ಇಳಿಸಬೇಕು. ಅಲ್ಲೂ ಇದೇ ಮಾತು, ತುಂಬುವ ಬೋಲ್ಟು ತೆಗೆದ ಮೇಲೆಯೇ ಮುಚ್ಚಳಕ್ಕೆ ಕೈ ಹಾಕಿ.

'ಆ ಆಯಿಲ್ ಗಾಡಿ ಇರುವವರೆಗೂ ಬಾಳುತ್ತದೆ, ಮುಟ್ಟಬೇಡಿ' ಅನ್ನುವವರು ಸಿಗುತ್ತಾರೆ. ಮಲೆನಾಡಿನಲ್ಲಿ ಆ ಮಾತು ಕೇಳಬೇಡಿ. ಡಿಫರೆನ್ಷಿಯಲ್ಲಿನಲ್ಲಿ ಆಯಿಲ್ ತಳ್ಳುವ ಪಂಪ್ ಇರುವುದಿಲ್ಲ. ಕ್ರೌನ್ ವೀಲ್ ಅನ್ನುವ ದೊಡ್ಡ ಗೇರಿನ ಕೆಳಭಾಗ ಆಯಿಲಿನಲ್ಲಿ ಮುಳುಗಿ ತಿರುಗುತ್ತದೆ, ತಿರುಗುತ್ತಾ ಆಯಿಲನ್ನು ಮೇಲಕ್ಕೆ ಎರಚುತ್ತದೆ. ಆ ಎರಚಾಟದಲ್ಲೇ ಬೇರಿಂಗುಗಳೂ, ಕ್ರೌನ್ ವೀಲನ್ನು ತಿರುಗಿಸುವ ಪಿನಿಯನ್ ಅನ್ನುವ ಚಿಕ್ಕ ಗೇರೂ ಬದುಕಬೇಕು. ಅಲ್ಲಿ ಹಲ್ಲುಗಳು ಒಂದರ ಮೇಲೊಂದು ಉರುಳುವುದಷ್ಟೇ ಅಲ್ಲ, ಜಾರುತ್ತಾ ಉಜ್ಜಿಕೊಳ್ಳುತ್ತವೆ. ಅದಕ್ಕೇ ಆ ಒತ್ತಡ ತಡೆಯುವ ಆಯಿಲ್ ಬೇಕು.

ಇನ್ನು ನೀರು. ಏರು ಹತ್ತಿ ಬಂದ ಗಾಡಿಯ ಆಕ್ಸಲ್ ಬಿಸಿಯಾಗಿರುತ್ತದೆ. ಹಾಗೇ ಹಳ್ಳಕ್ಕೆ ಇಳಿಸುತ್ತೀರಿ. ತಣ್ಣೀರು ತಗುಲಿದ ಕೂಡಲೇ ಒಳಗಿನ ಗಾಳಿ ಕುಗ್ಗಿ ಹೊರಗಿನಿಂದ ಎಳೆದುಕೊಳ್ಳುತ್ತದೆ. ಗಾಳಿ ಆಡುವುದಕ್ಕೆ ಆಕ್ಸಲ್ ಮೇಲೆ ಒಂದು ಬ್ರೀದರ್ ಇರುತ್ತದೆ. ಅದಕ್ಕೆ ಕೆಸರು ಕಟ್ಟಿದ್ದರೆ ಸೀಲಿನ ಸಂದಿನಿಂದ ನೀರೇ ಒಳಗೆ ಬರುತ್ತದೆ. ಅಂಥ ಆಯಿಲನ್ನು ಇಳಿಸಿದರೆ ಹಾಲು ಜಾಸ್ತಿಯಾದ ಕಾಫಿಯ ಬಣ್ಣ ಇರುತ್ತದೆ. ಆ ಬಣ್ಣ ಕಂಡರೆ ಕಿಲೋಮೀಟರ್ ಲೆಕ್ಕ ಹಾಕಬೇಡಿ, ಅವತ್ತೇ ಬದಲಿಸಿ. ಬ್ರೀದರ್ ಪೈಪನ್ನೂ ಬಿಡಿಸಿ ಊದಿ ನೋಡಿ. ಕೊಡಗಿನ ಮಂದಲಪಟ್ಟಿ ಗುಡ್ಡಕ್ಕೆ ದಿನಾ ಜೀಪು ಹತ್ತಿಸುವ ಡ್ರೈವರ್ ಅಣ್ಣಂದಿರೇ, ಈ ಮಾತು ನಿಮಗೂ ಸೇರಿ.

ಸಮಯ ಕಡಿಮೆ ಇದೆ, ಉಳಿದದ್ದನ್ನು ಬೇಗ ಹೇಳುತ್ತೇನೆ. ಬರೀ ಜಾಕಿನ ಮೇಲೆ ನಿಂತ ಗಾಡಿಯ ಕೆಳಗೆ ಯಾವತ್ತೂ ಹೋಗಬೇಡಿ. ಸ್ಟ್ಯಾಂಡ್ ಇಲ್ಲದಿದ್ದರೆ ಈ ಕೆಲಸವೇ ಬೇಡ. ಹದಿನೈದು ನಿಮಿಷ ಓಡಿಸಿ ತಂದರೆ ಆಯಿಲ್ ತೆಳುವಾಗಿ ಪೂರ್ತಿ ಇಳಿಯುತ್ತದೆ. ಗಾಡಿ ಸಮವಾಗಿ ನಿಂತಿರಬೇಕು, ಯಾಕೆಂದರೆ ಅಳತೆ ನೋಡುವುದು ಮೇಲಿನ ತೂತಿನಲ್ಲೇ. ಸಾಮಾನ್ಯವಾಗಿ ಅದರ ಅಂಚಿಗೆ ಬಂದು ಹೊರಗೆ ಜಿನುಗಲು ಶುರುವಾದರೆ ತುಂಬಿದೆ ಅಂತ ಅರ್ಥ. ನೋಡಿ, ಇಲ್ಲೂ ಮೇಲಿನ ಬೋಲ್ಟೇ ಮುಖ್ಯ.

ಯಾವ ಆಯಿಲ್ ಅನ್ನುವುದನ್ನು ಗಾಡಿಯ ಪುಸ್ತಕ ನೋಡಿ ತೀರ್ಮಾನ ಮಾಡಿ. ಗೇರ್ ಆಯಿಲಿನ ದರ್ಜೆಯನ್ನು ಜಿಎಲ್ ಅಂತ ಬರೆದಿರುತ್ತಾರೆ. ಡಿಫರೆನ್ಷಿಯಲ್ಲಿಗೆ ಸಾಮಾನ್ಯವಾಗಿ ಜಿಎಲ್-5 ಇರುತ್ತದೆ. ಗೇರ್ ಬಾಕ್ಸಿಗೆ ಜಿಎಲ್-4 ಅಂತ ಬರೆದಿದ್ದರೆ ಜಿಎಲ್-4 ಮಾತ್ರ ಹಾಕಿ. ಅಂಗಡಿಯವರು 'ಐದು ನಾಲ್ಕಕ್ಕಿಂತ ಒಳ್ಳೆಯದು' ಅನ್ನುತ್ತಾರೆ. ಒಪ್ಪಬೇಡಿ. ಜಿಎಲ್-5ರಲ್ಲಿ ಜಾಸ್ತಿ ಇರುವ ಗಂಧಕ, ರಂಜಕದ ಸೇರ್ಪಡೆಗಳು ಗೇರ್ ಬಾಕ್ಸಿನ ಹಿತ್ತಾಳೆ ರಿಂಗುಗಳನ್ನು ತಿನ್ನಬಹುದು. ಡಸ್ಟರ್ ಥರದ ಆಲ್ ವೀಲ್ ಡ್ರೈವ್ ಕಾರುಗಳಲ್ಲಿ ಹಿಂದಿನ ಚಕ್ರಗಳಿಗೆ ಶಕ್ತಿ ಕೊಡುವ ಕಪ್ಲಿಂಗ್ ಬೇರೆ ಇರುತ್ತದೆ. ಅದರ ವಿಷಯದಲ್ಲೂ ಪುಸ್ತಕ ಹೇಳಿದ್ದನ್ನೇ ಮಾಡಿ.

ಕೆಳಗಿನ ಬೋಲ್ಟಿನ ತುದಿಯಲ್ಲಿ ಮ್ಯಾಗ್ನೆಟ್ ಇದ್ದರೆ ಅದನ್ನು ಬೆರಳಲ್ಲಿ ಉಜ್ಜಿ ನೋಡಿ. ಬೂದು ಬಣ್ಣದ ನುಣ್ಣನೆ ಪೇಸ್ಟು ಇದ್ದರೆ ಹೆದರಬೇಡಿ, ಅದು ಮಾಮೂಲಿ ಸವಕಳಿ. ಕಣ್ಣಿಗೆ ಕಾಣುವ ಲೋಹದ ಚೂರು ಸಿಕ್ಕಿದರೆ ಮೆಕ್ಯಾನಿಕ್ಕಿಗೆ ತೋರಿಸಿ.

ಹಳೇ ಆಯಿಲನ್ನು ಕಾಫಿ ಗಿಡದ ಬುಡಕ್ಕೋ ಚರಂಡಿಗೋ ಸುರಿಯಬೇಡಿ. ಇದನ್ನು ನಾನು ಕೈ ಮುಗಿದು ಕೇಳುತ್ತೇನೆ. ಸಕಲೇಶಪುರ ಕಡೆ ಚರಂಡಿ ಹಳ್ಳಕ್ಕೆ ಸೇರುತ್ತದೆ, ಹಳ್ಳ ಹೇಮಾವತಿಗೆ, ಹೇಮಾವತಿ ಗೊರೂರು ಅಣೆಕಟ್ಟೆ ದಾಟಿ ಕಾವೇರಿಗೆ. ಕಾನೂನಿನ ಪ್ರಕಾರ ಬಳಸಿದ ಆಯಿಲ್ ಅಪಾಯಕಾರಿ ತ್ಯಾಜ್ಯ. ಹೊಸ ಆಯಿಲ್ ಬಂದ ಡಬ್ಬಕ್ಕೇ ಅದನ್ನು ತುಂಬಿ ಮುಚ್ಚಳ ಬಿಗಿದಿಡಿ. ಮರುಬಳಕೆಗೆ ಹಳೇ ಆಯಿಲ್ ಕಳಿಸುವ ಗ್ಯಾರೇಜಿಗೆ ಕೊಡಿ.

ಎರಡೂ ಬೋಲ್ಟಿಗೆ ಹೊಸ ವಾಷರ್ ಹಾಕಿ ಹದವಾಗಿ ಬಿಗಿಯಿರಿ. ಸ್ವಲ್ಪ ದೂರ ಓಡಿಸಿಕೊಂಡು ಬಂದು, ರಾತ್ರಿ ಗಾಡಿಯ ಕೆಳಗೆ ಒಂದು ರಟ್ಟು ಹಾಸಿಡಿ. ಬೆಳಿಗ್ಗೆ ರಟ್ಟಿನ ಮೇಲೆ ತೊಟ್ಟು ಬಿದ್ದಿದ್ದರೆ ಯಾವ ಬೋಲ್ಟಿನಿಂದ ಅಂತ ಗೊತ್ತಾಗುತ್ತದೆ. ಅದನ್ನು ಇನ್ನೊಂದು ಸಲ ಬಿಗಿದು ನೋಡಿ. ನಮಸ್ಕಾರ.