ನಮಗಿಂತ ಮೊದಲು ಇಳಿದವರು

ಎಲ್ಲರಿಗೂ ನಮಸ್ಕಾರ. ಇಷ್ಟು ಮಳೆಯಲ್ಲೂ ಬಂದಿದ್ದೀರಿ, ಸಂತೋಷ.

1915ರ ಜನವರಿಯಲ್ಲಿ ಬೀಡನ್ ಎಂಬ ಗಣಿ ಎಂಜಿನಿಯರ್ ರಾಯಚೂರು ಸೀಮೆಯ ಮಸ್ಕಿಯ ಸುತ್ತ ಓಡಾಡುತ್ತಿದ್ದರು. ಆಗ ಅದು ನಿಜಾಮರ ರಾಜ್ಯ. ಅವರು ಹುಡುಕುತ್ತಿದ್ದುದು ಚಿನ್ನವನ್ನು. ಸಿಕ್ಕಿದ್ದು ಬಂಡೆಯ ಮೇಲಿನ ಬ್ರಾಹ್ಮಿ ಅಕ್ಷರ. ಅದುವರೆಗೆ ಓದಿದ್ದ ಶಾಸನಗಳಲ್ಲಿ ‘ದೇವಾನಾಂಪ್ರಿಯ’ ಎಂಬ ಬಿರುದು ಇರುತ್ತಿತ್ತು, ಮಸ್ಕಿಯಲ್ಲಿ ಅಶೋಕ ಎಂಬ ಹೆಸರೇ ಇತ್ತು. ಆ ಬಿರುದಿನ ರಾಜ ಯಾರೆಂಬ ಚರ್ಚೆಗೆ ಅಲ್ಲಿ ತೆರೆ ಬಿತ್ತು.

ಶಾಲೆಯ ಪುಸ್ತಕದಲ್ಲಿ ಶಾಸನ ಉಳಿಯಿತು. ಗಣಿ ಎಂಜಿನಿಯರ್ ಆ ಊರಿಗೆ ಯಾಕೆ ಹೋಗಿದ್ದರು ಎಂಬ ಮಾತು ಮಾತ್ರ ಬಿಟ್ಟುಹೋಯಿತು. ಆ ಸೀಮೆಯ ಹೊಲಗಳಲ್ಲಿ, ಗುಡ್ಡಗಳ ಓರೆಯಲ್ಲಿ ಹಿಂದಿನವರು ಚಿನ್ನಕ್ಕಾಗಿ ತೋಡಿದ ಗುಂಡಿಗಳಿದ್ದವು. ಅವುಗಳ ಜಾಡು ಹಿಡಿದೇ ಕಂಪನಿಗಳು ಬಂದಿದ್ದವು. ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಯಲ್ಲಿರುವ ಅಶೋಕನ ಶಾಸನ ಓದಿದವರಿಗೆ ಇನ್ನೊಂದು ವಿಷಯ ಗೊತ್ತು: ಮೌರ್ಯರ ದಕ್ಷಿಣದ ಆಡಳಿತ ನಡೆಯುತ್ತಿದ್ದ ಊರಿನ ಹೆಸರು ಸುವರ್ಣಗಿರಿ. ಪುರಾತತ್ತ್ವಜ್ಞ ರೇಮಂಡ್ ಆಲ್ಚಿನ್ 1962ರಲ್ಲಿ ಬರೆದ ಲೇಖನದಲ್ಲಿ ಭಾರತದ ಹಳೆಯ ಚಿನ್ನದ ಗಣಿಗಳನ್ನು ಮುಂದಿಟ್ಟುಕೊಂಡು ಇವನ್ನೆಲ್ಲ ಒಟ್ಟಿಗೆ ನೋಡಿದರು. ಶಾಸನ ಓದುವವರು ಗಣಿ ನೋಡಬೇಕು, ಗಣಿ ನೋಡುವವರು ಶಾಸನ ಓದಬೇಕು. ನಾನು ಗಣಿ ಕಡೆಯವನು. ಈ ಮಾತು ನನಗೆ ಅರ್ಥವಾಗುವ ಹೊತ್ತಿಗೆ ನೌಕರಿಯ ಅರ್ಧ ಭಾಗ ಕಳೆದಿತ್ತು.

ಹಟ್ಟಿಯ ವಿಷಯಕ್ಕೆ ಬರುತ್ತೇನೆ, ಇವತ್ತು ಹೆಚ್ಚು ಹೊತ್ತು ಅಲ್ಲೇ ನಿಲ್ಲುತ್ತೇನೆ. ಲಿಂಗಸುಗೂರು ತಾಲ್ಲೂಕಿನ ಹಟ್ಟಿಯಲ್ಲಿ ಇಂದಿಗೂ ಚಿನ್ನ ತೆಗೆಯುತ್ತಾರೆ. ಹೊಸ ಕಾಲದ ಕಂಪನಿ ಅಲ್ಲಿ ಶಾಫ್ಟ್, ಅಂದರೆ ಗಣಿಗಿಳಿಯುವ ಬಾವಿ, ತೋಡಿದಾಗ ಹಿಂದಿನವರ ತೋಡು ಎದುರಾಯಿತು. ಸುಮಾರು 640 ಅಡಿ ಆಳದವರೆಗೆ! ಅಲ್ಲಿ ಸಿಕ್ಕ ಮರದ ತುಂಡುಗಳನ್ನು ಇಂಗಾಲದ ಕಾಲಮಾಪನಕ್ಕೆ ಒಳಪಡಿಸಿದಾಗ ಬಂದ ವಯಸ್ಸು ಸರಿಸುಮಾರು 2000 ವರ್ಷ.

ಈ 640 ಅಡಿಯನ್ನು ಸ್ವಲ್ಪ ಕಣ್ಣ ಮುಂದೆ ತಂದುಕೊಳ್ಳಿ. ಡೈನಮೈಟ್ ಇಲ್ಲ, ಪಂಪ್ ಇಲ್ಲ, ಎಣ್ಣೆ ದೀಪದ ಬೆಳಕು. ಬಂಡೆ ಒಡೆಯುವ ದಾರಿ ಬೆಂಕಿ. ಚಿನ್ನವಿರುವ ಬೆಣಚುಕಲ್ಲಿನ ಪಟ್ಟೆಗೆ ಸೌದೆ ಒಟ್ಟಿ ಉರಿಸುತ್ತಾರೆ. ಕಾದ ಕಲ್ಲು ಬಿರಿಯುತ್ತದೆ, ನೀರು ಎರಚಿದರೆ ಇನ್ನೂ ಬಿರಿಯುತ್ತದೆ. ಆಮೇಲೆ ಉಳಿ, ಬೆಣೆ, ಸುತ್ತಿಗೆ. ಇದು ನಮಗೆ ಅಷ್ಟೇನೂ ದೂರದ ವಿದ್ಯೆಯಲ್ಲ. ಬೆಂಗಳೂರಿನ ಸುತ್ತಲಿನ ಕಲ್ಲುಕ್ವಾರಿಗಳಲ್ಲಿ ಬಂಡೆಯ ಮೇಲೆ ಬೆಂಕಿ ಹಬ್ಬಿಸಿ, ಸುತ್ತಿಗೆಯಿಂದ ತಟ್ಟಿ, ಸದ್ದು ಕೇಳಿ, ಚಪ್ಪಡಿ ಎಬ್ಬಿಸುತ್ತಿದ್ದ ಹಿರಿಯರಿದ್ದರು. ಹಳೇ ಮನೆಗಳ ಜಗಲಿಯ ಹಾಸುಗಲ್ಲು ಅವರ ಕೈಯಿಂದ ಬಂದದ್ದು. ಟೊಳ್ಳು ಸದ್ದು ಬಂದರೆ ಪದರ ಬಿಟ್ಟಿದೆ ಎಂದರ್ಥ ಎಂದು ಒಬ್ಬ ಅಜ್ಜ ನನಗೆ ಕಲ್ಲಿನ ಮೇಲೆ ಕಿವಿಯಿಡಿಸಿ ಹೇಳಿಕೊಟ್ಟಿದ್ದರು. ನನ್ನ ಕಾಲೇಜಿನ ಪಾಠದಲ್ಲಿ ಇದು ಇರಲಿಲ್ಲ.

ಬಯಲಿನ ಬೆಂಕಿ ಬೇರೆ, ನೆಲದೊಳಗಿನ ಬೆಂಕಿ ಬೇರೆ. ಹೊಗೆ ಹೊರಗೆ ಹೋಗುವ ಮುಂಚೆ ಇಳಿದವನು ಬದುಕುವುದಿಲ್ಲ. ಆದ್ದರಿಂದ ಯಾವಾಗ ಉರಿಸಬೇಕು, ಎಷ್ಟು ಹೊತ್ತು ಕಾಯಬೇಕು, ಮೊದಲು ಯಾರು ಇಳಿಯಬೇಕು ಎಂಬ ಕಟ್ಟುಪಾಡು ಇಲ್ಲದೆ ಅಷ್ಟು ಆಳ ಮುಟ್ಟಲು ಸಾಧ್ಯವೇ ಇಲ್ಲ. ನೀರು ಎತ್ತಬೇಕು, ಸೌದೆ ಇಳಿಸಬೇಕು, ಕಲ್ಲು ಹೊರಬೇಕು. ಮೇಲೆ ಬಂದ ಕಲ್ಲನ್ನು ಹಾಸುಬಂಡೆಯಲ್ಲೇ ಕೊರೆದ ಒರಳುಗಳಲ್ಲಿ ಹಾಕಿ ಕುಟ್ಟಬೇಕು, ಗುಂಡುಕಲ್ಲಿನಿಂದ ಅರೆಯಬೇಕು, ಜಾಲಿಸಬೇಕು. ಸವೆದು ನುಣುಪಾದ ಆ ಒರಳುಗಳು ಹಳೆಯ ಗಣಿಗಳ ಬಳಿ ಇಂದಿಗೂ ಕಾಣಸಿಗುತ್ತವೆ. ಇದು ನೂರಾರು ಜನರ, ಹಲವು ತಲೆಮಾರುಗಳ ಕೆಲಸ. ಒಬ್ಬರ ಹೆಸರೂ ಉಳಿದಿಲ್ಲ.

‘ಜಾಲಿಸು’ ಎಂದೆ. ಅಕ್ಕಿ ಜಾಲಿಸುವುದು ನಮ್ಮ ಅಡುಗೆಮನೆಯ ಮಾತು. ನೀರಿನಲ್ಲಿ ತಿರುಗಿಸುತ್ತ ಬಗ್ಗಿಸಿದರೆ ಹಗುರದ್ದು ಹರಿದುಹೋಗುತ್ತದೆ, ತೂಕದ ಕಲ್ಲು ತಳದಲ್ಲಿ ನಿಲ್ಲುತ್ತದೆ. ಅಡುಗೆಮನೆಯಲ್ಲಿ ತಳದ್ದನ್ನು ಎಸೆಯುತ್ತೇವೆ, ಚಿನ್ನದಲ್ಲಿ ತಳದ್ದೇ ಬೇಕು. ಗದಗದ ಕಪ್ಪತಗುಡ್ಡದಿಂದ ಇಳಿಯುವ ಹಳ್ಳಗಳಲ್ಲಿ ಮರಳು ತೊಳೆದು ಚಿನ್ನದ ಕಣ ತೆಗೆಯುತ್ತಿದ್ದವರನ್ನು ಜಾಲಗಾರರು ಎನ್ನುತ್ತಿದ್ದರು. ಮೈಸೂರು ಭೂವಿಜ್ಞಾನ ಇಲಾಖೆ 1894ರಲ್ಲಿ ಶುರುವಾದಾಗ ಅದರ ಮೊದಲ ಮುಖ್ಯಸ್ಥರಾದ ರಾಬರ್ಟ್ ಬ್ರೂಸ್ ಫೂಟ್ ಅದಕ್ಕೂ ಮುಂಚೆ ಧಾರವಾಡ ಸೀಮೆ ಸುತ್ತಿದ್ದಾಗ ಈ ಜಾಲಗಾರರ ಕೆಲಸವನ್ನು ಗಮನಿಸಿ ಬರೆದಿಟ್ಟರು. ಅದಿರಿನ ಪಟ್ಟೆ ಎಲ್ಲಿದೆ ಎಂದು ತಿಳಿಯಲು ಯಾವ ಹಳ್ಳದ ಮರಳಿನಲ್ಲಿ ಕಣ ಹೆಚ್ಚು ಎಂದು ಕೇಳಬೇಕು. ಅದಕ್ಕೆ ಉತ್ತರ ಗೊತ್ತಿದ್ದವರು ಈ ಜಾಲಗಾರರು.

ಕೋಲಾರದ ಕಥೆಯೂ ಹಾಗೆಯೇ ಶುರುವಾಗುತ್ತದೆ. ನಿಮ್ಮಲ್ಲಿ ಹಲವರು ಇವತ್ತು ಲ್ಯಾವೆಲ್ ರಸ್ತೆ ದಾಟಿಕೊಂಡೇ ಬಂದಿರುತ್ತೀರಿ. ಮೈಕೆಲ್ ಲ್ಯಾವೆಲ್ ಬೆಂಗಳೂರು ದಂಡಿನಲ್ಲಿ ನೆಲೆಸಿದ್ದ ಐರಿಷ್ ಮಾಜಿ ಸೈನಿಕ. 1871ರಲ್ಲಿ ಕೋಲಾರದ ಕಡೆ ಹೊರಟಾಗ ಅವರ ಕೈಯಲ್ಲಿದ್ದ ಸುಳಿವು ಲೆಫ್ಟಿನೆಂಟ್ ಜಾನ್ ವಾರೆನ್ ಬರೆದ ಹಳೆಯ ವರದಿ. ವಾರೆನ್‌ಗೆ 1802ರಲ್ಲಿ ಸರ್ವೆ ಮಾಡುವಾಗ ದಾರಿ ತೋರಿಸಿದವರು ಉರಿಗಾಂ, ಮಾರಿಕುಪ್ಪಂ ಕಡೆಯ ಹಳ್ಳಿಯ ಜನ. ವಾರೆನ್ ಎದುರಿಗೇ ಮಣ್ಣು ತೊಳೆದು ಚಿನ್ನ ತೋರಿಸಿದ್ದರು. 1880ರಲ್ಲಿ ಜಾನ್ ಟೇಲರ್ ಕಂಪನಿ ಬಂತು. ಆರಂಭದ ವರ್ಷಗಳಲ್ಲಿ ಬಂಡವಾಳವೆಲ್ಲ ಕರಗಿ, ಗಣಿ ಮುಚ್ಚುವ ಮಾತು ನಡೆದಿತ್ತು. ಕೊನೆಗೆ ಹಳಬರ ಗುಂಡಿಗಳನ್ನೇ ಶುಚಿ ಮಾಡಿ ಅವುಗಳ ಕೆಳಗೆ ಇಳಿದಾಗ ಚಾಂಪಿಯನ್ ಎಂದು ಹೆಸರಾದ ಚಿನ್ನದ ಪಟ್ಟೆ ಸಿಕ್ಕಿತು. ಅಲ್ಲಿಂದ ಮುಂದಿನದು ನಿಮಗೆ ಗೊತ್ತೇ ಇದೆ: 1902ರಲ್ಲಿ ಶಿವನಸಮುದ್ರದ ವಿದ್ಯುತ್ತು, 3 ಕಿಲೋಮೀಟರಿಗಿಂತ ಆಳದ ಶಾಫ್ಟ್, ಒಟ್ಟು 800 ಟನ್ನಿಗೂ ಹೆಚ್ಚು ಚಿನ್ನ, 2001ರ ಫೆಬ್ರವರಿಯಲ್ಲಿ ಬೀಗ. ಬೆಂಗಳೂರಿನ ಬೀದಿ ದೀಪಕ್ಕೆ 1905ರಲ್ಲಿ ಬಂದ ಕರೆಂಟು ಮೊದಲು ಹೋದದ್ದು ಗಣಿಗೆ.

ನನ್ನ ದೊಡ್ಡ ಸಂಕಟ ಇರುವುದು ದಾಖಲೆಗಳ ವಿಷಯದಲ್ಲಿ. ವರ್ಷಗಳ ಹಿಂದೆ, ಮುಚ್ಚಿಹೋಗಿದ್ದ ಒಂದು ಗಣಿಯ ಕಚೇರಿಗೆ ಹೋಗಿದ್ದೆ. ಬಟ್ಟೆಗೆ ಅಂಟಿಸಿದ ನಕ್ಷೆಗಳ ಸುರುಳಿಗಳನ್ನು ರದ್ದಿಗೆ ತೂಗುತ್ತಿದ್ದರು. ಕೆಳಗಿನ ಒಂದೊಂದು ಲೆವೆಲ್ಲಿನ ಅಳತೆ, ಎಲ್ಲಿ ನೀರು ನುಗ್ಗಿತು, ಎಲ್ಲಿ ಬಂಡೆ ಸಿಡಿಯಿತು ಎಂಬ ಗುರುತು, ಎಲ್ಲವೂ ಅದರಲ್ಲಿತ್ತು. ಕೈಗೆ ಸಿಕ್ಕಷ್ಟು ಎತ್ತಿಕೊಂಡೆ, ಹನ್ನೊಂದು ಸುರುಳಿ. ಒಂದರಲ್ಲಿ ಸೀಸದಕಡ್ಡಿಯಲ್ಲಿ ಚುಕ್ಕೆ ಚುಕ್ಕೆ ಗೆರೆ ಎಳೆದು ‘ಹಳಬರ ಕೆಲಸ’ ಎಂಬರ್ಥದ ಇಂಗ್ಲಿಷ್ ಮಾತು ಬರೆದಿತ್ತು. ಆ ಚುಕ್ಕೆಗೆರೆ ಬರೀ ಚರಿತ್ರೆಯಲ್ಲ. ನೀರು ತುಂಬಿದ ಹಳೆಯ ತೋಡಿನ ಪಕ್ಕ ಗೊತ್ತಿಲ್ಲದೆ ಸಿಡಿಮದ್ದು ಇಟ್ಟರೆ ಒಳಗಿರುವವರು ಹೊರಗೆ ಬರುವುದಿಲ್ಲ. ಉಳಿದ ಸುರುಳಿಗಳು ಎಲ್ಲಿಗೆ ಹೋದವೋ ನೆನೆದರೆ ಇವತ್ತಿಗೂ ನಿದ್ದೆ ಕೆಡುತ್ತದೆ. ಬಂಡೆ ಸಿಡಿಯುವುದನ್ನು ಕೋಲಾರದ ಹಳೆಯ ಕಾರ್ಮಿಕರು ‘ಏರ್ ಬ್ಲಾಸ್ಟ್’ ಎನ್ನುತ್ತಿದ್ದರು. ಅದಕ್ಕೆ ಮುಂಚೆ ಬಂಡೆ ಹೇಗೆ ಸದ್ದು ಮಾಡುತ್ತದೆಂದು ಹೇಳಬಲ್ಲವರು ಈಗ ಎಂಬತ್ತರ ಆಸುಪಾಸಿನಲ್ಲಿದ್ದಾರೆ. ಅವರ ಮಾತನ್ನು ಈ ವರ್ಷವೇ ರೆಕಾರ್ಡ್ ಮಾಡಬೇಕು. ಕನ್ನಡವೋ ತಮಿಳೋ ತೆಲುಗೋ, ಅವರು ಆಡುವ ಭಾಷೆಯಲ್ಲೇ ಮಾಡಬೇಕು.

ಪೆಟ್ರೋಲಿಯಂ ಬಗ್ಗೆಯೂ ಹೇಳಿ ಎಂದು ಸಂಘಟಕರು ಕೇಳಿದ್ದರು. ನಮ್ಮ ಪ್ರಸ್ಥಭೂಮಿಯ ಗಟ್ಟಿ ಶಿಲೆ ಎಣ್ಣೆ ಹಿಡಿದಿಡುವ ಜಾತಿಯದಲ್ಲ. ಆ ಚರಿತ್ರೆಗೆ ಅಸ್ಸಾಮಿನ ಡಿಗ್ಬೊಯ್‌ಗೆ ಹೋಗಬೇಕು, 1889ರ ಬಾವಿ, 1901ರ ಶುದ್ಧೀಕರಣ ಘಟಕ. ಅಷ್ಟು ಹೇಳಿ ಕಬ್ಬಿಣಕ್ಕೆ ಬರುತ್ತೇನೆ.

ಹಾವೇರಿ ಜಿಲ್ಲೆಯ ಹಳ್ಳೂರಿನಲ್ಲಿ ಎಂ.ಎಸ್. ನಾಗರಾಜರಾವ್ 1960ರ ದಶಕದಲ್ಲಿ ಉತ್ಖನನ ಮಾಡಿದಾಗ ಸಿಕ್ಕ ಕಬ್ಬಿಣದ ವಸ್ತುಗಳು ಸುಮಾರು 3000 ವರ್ಷ ಹಿಂದಿನವು. ಆ ವಿದ್ಯೆ ಬೆಳೆದು ಉಕ್ಕಾಯಿತು. ಜೇಡಿಮಣ್ಣಿನ ಮೂಸೆಯೊಳಗೆ ಕಬ್ಬಿಣದ ತುಂಡು, ಒಣಗಿದ ಗಿಡದ ಕಡ್ಡಿ, ಎಲೆ. ಬಾಯಿ ಮೆತ್ತಿ, ಕುಲುಮೆಯಲ್ಲಿ ಜೋಡಿಸಿ, ಗಂಟೆಗಟ್ಟಲೆ ತಿದಿ ಒತ್ತುತ್ತಾರೆ. ಗಿಡದ ಇಂಗಾಲ ಕಬ್ಬಿಣದೊಳಗೆ ಸೇರಿ, ನೂರಕ್ಕೆ ಒಂದೂವರೆ ಪಾಲಿನಷ್ಟಾಗುತ್ತದೆ. 1800–01ರಲ್ಲಿ ಮೈಸೂರು ಸೀಮೆ ಸುತ್ತಿದ ಫ್ರಾನ್ಸಿಸ್ ಬುಕಾನನ್ ಮಾಗಡಿಯ ಬಳಿಯ ಕಬ್ಬಿಣದ ಕೆಲಸವನ್ನೂ ಮಧುಗಿರಿ ಕಡೆಯ ಉಕ್ಕಿನ ಕೆಲಸವನ್ನೂ ನಿಂತು ನೋಡಿ ಬರೆದಿದ್ದಾರೆ. ಅದಕ್ಕೆ ಸ್ವಲ್ಪ ಮುಂಚೆ, 1795ರಲ್ಲಿ, ಲಂಡನ್ನಿನ ರಾಯಲ್ ಸೊಸೈಟಿಯಲ್ಲಿ ಜಾರ್ಜ್ ಪಿಯರ್ಸನ್ ಈ ಲೋಹದ ಬಗ್ಗೆ ಪ್ರಬಂಧ ಓದಿದರು. ಅದರಲ್ಲಿ ಬಂದ ಹೆಸರು ‘ವೂಟ್ಜ್’. ಆ ಹೆಸರು ನಮ್ಮ ‘ಉಕ್ಕು’ ಎಂಬ ಮಾತಿನಿಂದಲೇ ಬಂದದ್ದು ಎಂಬುದು ಹೆಚ್ಚಿನ ವಿದ್ವಾಂಸರ ಅಭಿಪ್ರಾಯ. ಮೈಕೆಲ್ ಫ್ಯಾರಡೆ ಕೂಡ ಇದರ ಗುಟ್ಟು ಹುಡುಕಲು ಹೊರಟು, ಸ್ಟೋಡರ್ಟ್ ಎಂಬ ಚಾಕು ತಯಾರಕರೊಂದಿಗೆ ಉಕ್ಕಿಗೆ ಬೇರೆ ಬೇರೆ ಲೋಹ ಬೆರೆಸಿ ವರ್ಷಗಟ್ಟಲೆ ಪ್ರಯೋಗ ಮಾಡಿದರು. ನಮ್ಮದೇ ಊರಿನಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ಎಸ್. ರಂಗನಾಥನ್, ಪುರಾಲೋಹ ಸಂಶೋಧಕಿ ಶಾರದಾ ಶ್ರೀನಿವಾಸನ್ ಮೂಸೆಯ ಚೂರುಗಳನ್ನು, ಲೋಹವನ್ನು ಸೂಕ್ಷ್ಮದರ್ಶಕದ ಕೆಳಗಿಟ್ಟು ಇದೇ ದಾರಿಯಲ್ಲಿ ಬಹಳ ಮುಂದೆ ಹೋದರು.

ನನ್ನ ಕೈಯಲ್ಲಿರುವುದು ಕಿಟ್ಟದ, ಅಂದರೆ ಅದಿರಿನಿಂದ ಕಬ್ಬಿಣ ತೆಗೆದ ಮೇಲೆ ಉಳಿಯುವ ಕಸದ, ಒಂದು ತುಂಡು. ಮಾಗಡಿ ಕಡೆಯ ರೈತರೊಬ್ಬರು ಹೊಲದ ಬದುವಿನಿಂದ ತೆಗೆದು ಕೊಟ್ಟದ್ದು. ಯಾವ ಬದು, ಯಾವ ದಿನ ಎಂದು ಚೀಟಿ ಬರೆದು ಕಟ್ಟಿದ್ದೇನೆ, ದಯವಿಟ್ಟು ಬಿಚ್ಚಬೇಡಿ. ಮುಂದಿನ ಸಾಲಿನಿಂದ ಕಳಿಸುತ್ತೇನೆ. ಮೊದಲು ತೂಕ ನೋಡಿ. ಆಮೇಲೆ ತಿರುಗಿಸಿ, ಮೇಲ್ಭಾಗದಲ್ಲಿ ಹಗ್ಗ ಹೊಸೆದಂತೆ ಗೆರೆಗಳಿವೆ, ಕುಲುಮೆಯ ಬಾಯಿಂದ ಬಿಸಿಬಿಸಿಯಾಗಿ ಹರಿದು ನಿಂತ ಗುರುತು ಅದು. ಅಡಿಯಲ್ಲಿ ಒಂದು ಕಡೆ ಇದ್ದಿಲಿನ ಚೂರು ಸಿಕ್ಕಿಕೊಂಡಿದೆ. ಅದನ್ನು ಮುಟ್ಟಬೇಡಿ, ಮುಂದಿನ ತಿಂಗಳು ಕಾಲಮಾಪನಕ್ಕೆ ಹೋಗುತ್ತದೆ. ಅದು ಕೊನೆಯ ಸಾಲು ಮುಟ್ಟುವಷ್ಟರಲ್ಲಿ ಪ್ರಶ್ನೆಗಳಿದ್ದರೆ ಕೇಳಿ.